ಡರ್ಟ್ ಓವಲ್ ರೇಡಿಯೊ ನಿಯಂತ್ರಿತ ಕಾರು: ಸಸ್ಪೆನ್ಷನ್ ಹೊಂದಾಣಿಕೆಯ ಇತಿಹಾಸ

ಮಣ್ಣಿನ ಅಂಡಾಕಾರದ ಟ್ರ್ಯಾಕಿನಲ್ಲಿ ಸ್ಪರ್ಧಿಸುವ ರೇಡಿಯೊ ನಿಯಂತ್ರಿತ ಕಾರಿನ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್, ಚಕ್ರಗಳ ಕೋನ ಹಾಗೂ ನಾಲ್ಕೂ ಚಕ್ರಗಳ ಮೇಲೆ ಬೀಳುವ ಭಾರವನ್ನು ಆಯಾ ದಿನದ ನೆಲಕ್ಕೆ ತಕ್ಕಂತೆ ಹೊಂದಿಸುವ ಕೆಲಸವು ಅಮೆರಿಕದಲ್ಲಿ 1980ರ ದಶಕದಿಂದೀಚೆಗೆ ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ. ಡರ್ಟ್ ಓವಲ್ ಎಂದು ಕರೆಯುವ ಈ ಸ್ಪರ್ಧೆಯಲ್ಲಿ ಕಾರುಗಳು ಹೆಚ್ಚಾಗಿ ನಿಜವಾದ ಕಾರಿನ ಹತ್ತನೇ ಒಂದರಷ್ಟು ಅಳತೆಯವು. ಗಡಿಯಾರದ ಮುಳ್ಳಿಗೆ ಎದುರಾಗಿ ಸುತ್ತುವುದರಿಂದ ಎಡಕ್ಕೆ ಮಾತ್ರ ತಿರುಗುತ್ತವೆ. ಒಹಾಯೊದ ಎಲ್ಡೋರಾ, ಅಯೋವಾದ ನಾಕ್ಸ್‌ವಿಲ್‌ನಂಥ ಟ್ರ್ಯಾಕುಗಳಲ್ಲಿ ದೊಡ್ಡ ಕಾರುಗಳು ನಡೆಸುವ ಪಂದ್ಯವನ್ನೇ ಇವು ಕಿರಿದಾಗಿ ಅನುಕರಿಸುತ್ತವೆ ಎಂಬುದು ರೂಢಿಯ ವಿವರಣೆ. ಬಾಡಿಯ ಆಕಾರ, ವಿಭಾಗಗಳ ಹೆಸರು, ಆಟಗಾರರ ಮಾತು ನೋಡಿದರೆ ಅದು ನಿಜವೇ. ಆದರೆ ಬಾಡಿ ತೆಗೆದು ಒಳಗೆ ನೋಡಿದರೆ ಕಥೆ ಬೇರೆ. ಈ ಕಾರಿನ ಸಸ್ಪೆನ್ಷನ್ ದೊಡ್ಡ ಡರ್ಟ್ ಕಾರಿನಿಂದ ಇಳಿದು ಬಂದದ್ದಲ್ಲ. ಎರಡೂ ಕಡೆ ತಿರುಗಲೆಂದು ಮಾಡಿದ ಆಫ್-ರೋಡ್ ಬಗ್ಗಿಯ ಎಡ-ಬಲಗಳ ಸಮತೆಯನ್ನು ಒಂದೊಂದಾಗಿ ಕೆಡಿಸುತ್ತ ಹೋದದ್ದರ ಫಲ ಅದು. ಹಾಗೆ ಕೆಡಿಸಲು ಒತ್ತಾಯಿಸಿದ್ದು ಟ್ರ್ಯಾಕಿನ ಮಣ್ಣು ಮತ್ತು ಕಾರಿನ ಹೊರಗೆ ನಿಂತ ಚಾಲಕ.

ಮೊದಲಿಗೆ ಬಗ್ಗಿಯ ಮಾತು. ಜಪಾನಿನ ತಮಿಯಾ ಕಂಪನಿ 1979ರಲ್ಲಿ ರಫ್ ರೈಡರ್ ಮತ್ತು ಸ್ಯಾಂಡ್ ಸ್ಕಾರ್ಚರ್ ಮಾದರಿಗಳನ್ನು ತಂದಾಗ ಮಣ್ಣಿನಲ್ಲಿ ಓಡುವ ವಿದ್ಯುತ್ ಕಾರು ಸಾಮಾನ್ಯ ಹವ್ಯಾಸಿಯ ಕೈಗೆ ಸಿಕ್ಕಿತು. ಅವು ಸ್ಪರ್ಧೆಗೆಂದೇ ರೂಪಿಸಿದವಲ್ಲ. ಸ್ಪರ್ಧೆಯ ಲೆಕ್ಕ ಬದಲಾದದ್ದು 1984ರಲ್ಲಿ, ಕ್ಯಾಲಿಫೋರ್ನಿಯಾದ ಟೀಮ್ ಅಸೋಸಿಯೇಟೆಡ್ ಆರ್‌ಸಿ10 ಬಗ್ಗಿಯನ್ನು ಮಾರುಕಟ್ಟೆಗೆ ಬಿಟ್ಟಾಗ. ಚಿನ್ನದ ಬಣ್ಣದ ಅಲ್ಯೂಮಿನಿಯಂ ತೊಟ್ಟಿಯಂಥ ಚಾಸಿ, ಉದ್ದನೆಯ ತೋಳುಗಳು, ಚಕ್ರದ ವಾಲುವಿಕೆಯನ್ನು (ಕ್ಯಾಂಬರ್) ನಿರ್ಧರಿಸುವ, ಉದ್ದ ಹೆಚ್ಚು-ಕಡಿಮೆ ಮಾಡಬಹುದಾದ ಕಡ್ಡಿಗಳು ಇವೆಲ್ಲ ಅದರಲ್ಲಿದ್ದವು. ಆದರೂ ಮುಖ್ಯವಾದದ್ದು ಶಾಕ್. ಒಳಗಿನ ಸಿಲಿಕೋನ್ ಎಣ್ಣೆ ಬದಲಿಸಬಹುದು, ಬೇರೆ ತೂತಿನ ಪಿಸ್ಟನ್ ಹಾಕಬಹುದು, ಹೊರಗಿನ ಸ್ಪ್ರಿಂಗಿನ ಬದಲು ಬೇರೆ ಬಿಗಿಯದನ್ನು ಹಾಕಬಹುದು. ಕೊಂಡವನು ತಾನೇ ಹೊಂದಿಸಿಕೊಳ್ಳಬಹುದಾದ ಸಸ್ಪೆನ್ಷನ್ ಪೆಟ್ಟಿಗೆಯಲ್ಲೇ ಬಂತು. ಓವಲ್ ಪಂದ್ಯದವರು ಇದನ್ನೇ ಎತ್ತಿಕೊಂಡರು. ಮುಂದೆ ಕಸ್ಟಮ್ ವರ್ಕ್ಸ್‌ನಂಥ ಕಂಪನಿಗಳು ಡರ್ಟ್ ಓವಲ್‌ಗೆಂದೇ ಕಾರು ಮಾಡತೊಡಗಿದಾಗಲೂ ಹಿಂಬದಿಯಲ್ಲಿ ಗೇರ್‌ಬಾಕ್ಸು, ಅದರ ಇಕ್ಕೆಲದಲ್ಲಿ ಸ್ವತಂತ್ರವಾಗಿ ಮೇಲೆ ಕೆಳಗೆ ಆಡುವ ತೋಳುಗಳು ಎಂಬ ಬಗ್ಗಿಯ ವಂಶಲಕ್ಷಣ ಉಳಿದೇ ಇತ್ತು.

ಮಣ್ಣಿನ ಓವಲ್ ಟ್ರ್ಯಾಕಿನಲ್ಲಿ ಓಡುವ, ಲೇಟ್ ಮಾಡೆಲ್ ಎಂಬ ವಿಭಾಗದ ದೊಡ್ಡ ಕಾರಿನ ಹಿಂಬದಿ ಹಾಗಿಲ್ಲ. ಅಲ್ಲಿ ಎರಡು ಹಿಂಚಕ್ರಗಳನ್ನು ಜೋಡಿಸುವ ಒಂದೇ ಗಟ್ಟಿ ಅಚ್ಚು (ಆಕ್ಸಲ್) ಇರುತ್ತದೆ. ಓರೆಯಾಗಿ ಹಿಡಿದ ಕಡ್ಡಿಗಳ ಮೂಲಕ ಅದು ಎಳೆತದ ಬಲವನ್ನು ಚಾಸಿಗೆ ದಾಟಿಸುತ್ತದೆ. ಥ್ರಾಟಲ್ ಒತ್ತಿದಾಗ ಆ ಕಡ್ಡಿಗಳು ಕಾರಿನ ಎಡ ಹಿಂಭಾಗವನ್ನು ಮೇಲೆತ್ತಿ ಚಕ್ರವನ್ನು ನೆಲಕ್ಕೆ ಒತ್ತುತ್ತವೆ. ಎರಡು ಹಿಂಚಕ್ರಗಳೂ ಒಟ್ಟಿಗೆ ತಿರುಗುವುದರಿಂದ ಬಲಗಡೆ ದೊಡ್ಡ ಸುತ್ತಳತೆಯ ಟೈರು ಹಾಕಿದರೆ ಕಾರು ತಾನಾಗಿಯೇ ಎಡಕ್ಕೆ ಹೊರಳುತ್ತದೆ. ಇದನ್ನು ಸ್ಟ್ಯಾಗರ್ ಎನ್ನುತ್ತಾರೆ. ಇದೇ ಉಪಾಯವನ್ನು ಬಗ್ಗಿಯ ವಂಶದ ಪುಟ್ಟ ಕಾರಿಗೆ ಹಾಕಿದರೆ ಅರ್ಧಕ್ಕರ್ಧ ಪೋಲಾಗುತ್ತದೆ. ಅದರ ಬಾಲ್ ಡಿಫರೆನ್ಷಿಯಲ್ ಎರಡೂ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವುದರಿಂದ ಟೈರಿನ ವ್ಯತ್ಯಾಸ ಕಾರನ್ನು ತಿರುಗಿಸುವ ಬದಲು ಆ ಮೂಲೆಯ ಎತ್ತರವನ್ನಷ್ಟೇ ಬದಲಿಸುತ್ತದೆ. ಎರಕಹೊಯ್ದ ರಬ್ಬರ್ ಟೈರಿನ ಸುತ್ತಳತೆಯನ್ನು ಬೇಕಾದಂತೆ ಮಾಡಿಕೊಳ್ಳಲೂ ಆಗದು. ಫೋಮ್ ಟೈರನ್ನಾದರೆ ಉಜ್ಜಿ ಇಳಿಸಬಹುದು. ದೊಡ್ಡ ಪಂದ್ಯದಿಂದ ಪದ ಬಂದರೂ ಅದರ ಹಿಂದಿದ್ದ ಯಂತ್ರ ಬರಲಿಲ್ಲ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಕು.

ಹಾಗಾದರೆ ಬಂದದ್ದೇನು? ಭಾರದ ಲೆಕ್ಕ. ಎಡ ತಿರುವಿನಲ್ಲಿ ಭಾರ ಬಲಕ್ಕೆ ಜಾರುತ್ತದೆ. ಟೈರಿನ ಮೇಲೆ ಭಾರ ಹೆಚ್ಚಿದಷ್ಟೇ ಪ್ರಮಾಣದಲ್ಲಿ ಹಿಡಿತ ಹೆಚ್ಚುವುದಿಲ್ಲ, ಸ್ವಲ್ಪ ಹಿಂದೆ ಬೀಳುತ್ತದೆ. ಆದ್ದರಿಂದ ನಿಂತಾಗಲೇ ಎಡಕ್ಕೆ ಹೆಚ್ಚು ಭಾರ ಇಟ್ಟಿದ್ದರೆ ತಿರುವಿನ ನಡುವೆ ಎರಡೂ ಬದಿ ಹೆಚ್ಚು ಸಮನಾಗಿ ದುಡಿಯುತ್ತವೆ. ಬಗ್ಗಿಯಲ್ಲಿ ನಟ್ಟನಡುವೆ ಮಲಗಿದ್ದ ಬ್ಯಾಟರಿ ಓವಲ್ ಕಾರಿನಲ್ಲಿ ಎಡಕ್ಕೆ ಸರಿದದ್ದು ಇದಕ್ಕೇ. ಸಮತೆ ಮುರಿದ ಮೊದಲ ಜಾಗಗಳಲ್ಲಿ ಅದೂ ಒಂದು. ಎರಡನೆಯ ಸಾಧನ ಕ್ರಾಸ್ ವೇಟ್, ಅಂದರೆ ಎಡ ಹಿಂಚಕ್ರ ಮತ್ತು ಬಲ ಮುಂಚಕ್ರಗಳೆಂಬ ಓರೆ ಜೋಡಿಯ ಮೇಲಿನ ಭಾರ. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ಪುಟ್ಟ ತಕ್ಕಡಿ ಇಟ್ಟು ಇದನ್ನು ಅಳೆಯುತ್ತಾರೆ. ಉದಾಹರಣೆಗೆ 1,500 ಗ್ರಾಂ ತೂಗುವ ಕಾರಿನಲ್ಲಿ ಎಡ ಮುಂದೆ 300, ಬಲ ಮುಂದೆ 270, ಎಡ ಹಿಂದೆ 540, ಬಲ ಹಿಂದೆ 390 ಗ್ರಾಂ ಇದೆ ಎನ್ನೋಣ. ಓರೆ ಜೋಡಿಯ ಪಾಲು 810 ಗ್ರಾಂ, ಶೇಕಡ 54. ಈಗ ಎಡ ಹಿಂಬದಿಯ ಶಾಕ್ ಮೇಲಿನ ಕಾಲರನ್ನು ಕೆಳಕ್ಕೆ ತಿರುಗಿಸಿ ಸ್ಪ್ರಿಂಗನ್ನು ಒತ್ತಿದರೆ ಎಡ ಹಿಂದೆ ಮತ್ತು ಬಲ ಮುಂದೆ ತಲಾ 15 ಗ್ರಾಂ ಏರುತ್ತದೆ, ಉಳಿದೆರಡು ಮೂಲೆಗಳಲ್ಲಿ ಅಷ್ಟೇ ಇಳಿಯುತ್ತದೆ. ಓರೆ ಜೋಡಿ ಶೇಕಡ 56ಕ್ಕೆ ಹೋಯಿತು. ಆದರೆ ಎಡಬದಿಯ ಮೊತ್ತ 840, ಹಿಂಬದಿಯ ಮೊತ್ತ 930 ಇದ್ದದ್ದು ಹಾಗೆಯೇ ಇದೆ. ಕಾಲರನ್ನು ಎಷ್ಟು ತಿರುಗಿಸಿದರೂ ಎಡ-ಬಲದ ಪಾಲು ಬದಲಾಗದು; ಅದಕ್ಕೆ ಬ್ಯಾಟರಿಯನ್ನೋ ಸೀಸದ ತುಂಡನ್ನೋ ಸರಿಸಲೇಬೇಕು. ಹೊಸಬರು ತಾಸುಗಟ್ಟಲೆ ಕಳೆದುಕೊಳ್ಳುವುದು ಈ ಒಂದು ವಿಷಯ ತಿಳಿಯದೆ. ಓರೆ ಭಾರ ಹೆಚ್ಚಿದರೆ ಎಡ ಹಿಂಚಕ್ರದ ಎಳೆತ ಹೆಚ್ಚಿ ಕಾರು ತಿರುಗಲು ಹಿಂದೇಟು ಹಾಕುತ್ತದೆ, ಆಟಗಾರರ ಮಾತಿನಲ್ಲಿ ಟೈಟ್ ಆಗುತ್ತದೆ. ಕಡಿಮೆಯಾದರೆ ಹಿಂಭಾಗ ಜಾರಿ ಲೂಸ್ ಆಗುತ್ತದೆ. ಚಕ್ರದ ಕೋನಗಳಲ್ಲೂ ಇದೇ ಪಕ್ಷಪಾತ: ಎರಡೂ ಮುಂಚಕ್ರಗಳ ನೆತ್ತಿ ಎಡಕ್ಕೇ ವಾಲಿರುತ್ತದೆ.

ಭೌತಶಾಸ್ತ್ರ ಒಂದೇ ಆದಮೇಲೆ ಕಿರಿದು ಹಿರಿದೆಂಬ ಭೇದವೇಕೆ ಎಂದು ಆಕ್ಷೇಪಿಸಬಹುದು. ಆಕ್ಷೇಪದಲ್ಲಿ ಹುರುಳಿದೆ. ಅಳತೆಯನ್ನು ಹತ್ತನೇ ಒಂದಕ್ಕೆ ಇಳಿಸಿ, ತಿರುವಿನಲ್ಲಿ ಪಕ್ಕಕ್ಕೆ ತಳ್ಳುವ ಬಲಕ್ಕೂ ಕಾರಿನ ತೂಕಕ್ಕೂ ಇರುವ ಅನುಪಾತ ಮೊದಲಿನಂತೆಯೇ ಇರಲಿ ಎಂದರೆ ಕಾಲವು ಹತ್ತರ ವರ್ಗಮೂಲದಷ್ಟು, ಅಂದರೆ ಸುಮಾರು 3.16 ಪಟ್ಟು, ಕುಗ್ಗುತ್ತದೆ. ಅರ್ಧ ಮೈಲಿಯ ಸುತ್ತನ್ನು 16 ಸೆಕೆಂಡಿನಲ್ಲಿ ಮುಗಿಸುವ ದೊಡ್ಡ ಕಾರಿಗೆ ಸಮನಾದ ಪುಟ್ಟ ಕಾರು 80 ಮೀಟರಿನ ಸುತ್ತನ್ನು ಸುಮಾರು 5 ಸೆಕೆಂಡಿನಲ್ಲಿ ಮುಗಿಸಬೇಕು, ಗಂಟೆಗೆ 58 ಕಿಲೋಮೀಟರಿನಷ್ಟು ಓಡಬೇಕು. ಇದೇನೂ ಕನಸಿನ ವೇಗವಲ್ಲ. ಆದರೆ ಎರಡು ಸಂಗತಿಗಳು ಕುಗ್ಗಲು ಒಪ್ಪುವುದಿಲ್ಲ. ಒಂದು, ಮಣ್ಣಿನ ಕಣ. ಅರ್ಧ ಸೆಂಟಿಮೀಟರಿನ ಹೆಂಟೆ ದೊಡ್ಡ ಕಾರಿಗೆ ಲೆಕ್ಕಕ್ಕಿಲ್ಲ, ಪುಟ್ಟ ಕಾರಿಗೆ ಅದು ಐದು ಸೆಂಟಿಮೀಟರಿನ ಉಬ್ಬಿಗೆ ಸಮ. ಇನ್ನೊಂದು, ಮನುಷ್ಯ. ಕಾರು ಜಾರತೊಡಗಿದ್ದನ್ನು ದೊಡ್ಡ ಕಾರಿನ ಚಾಲಕ ಸೀಟಿನಲ್ಲಿ ಕೂತೇ ಮೈಯಿಂದ ಅರಿಯುತ್ತಾನೆ. ಎತ್ತರದ ಕಟ್ಟೆಯ ಮೇಲೆ ಟ್ರಾನ್ಸ್‌ಮಿಟರ್ ಹಿಡಿದು ನಿಂತವನಿಗೆ ಕಣ್ಣೊಂದೇ ಗತಿ. ಆ ಜಾರುವಿಕೆಯೂ ಮೂರು ಪಟ್ಟು ಬೇಗ ನಡೆದುಹೋಗುತ್ತದೆ. ಕಂಡು ಸ್ಟಿಯರಿಂಗ್ ತಿರುಗಿಸುವಷ್ಟರಲ್ಲಿ ಕಾರು ಹಿಂದುಮುಂದಾಗಿರುತ್ತದೆ. ಹೀಗಾಗಿ ಚಾಲಕ ಮಾಡಲಾಗದ ತಿದ್ದುಪಡಿಯನ್ನು ಸಸ್ಪೆನ್ಷನ್ನೇ ಮಾಡಿಕೊಳ್ಳಬೇಕಾಯಿತು. ಬಗ್ಗಿಗಳಲ್ಲಿ ಹಿಂಚಕ್ರಗಳ ಮುಂಭಾಗವನ್ನು ಸುಮಾರು 3 ಡಿಗ್ರಿ ಒಳಕ್ಕೆ ತಿರುಗಿಸಿಡುವ ರೂಢಿ ಇದೆ. ಗಟ್ಟಿ ಅಚ್ಚಿನ ದೊಡ್ಡ ಡರ್ಟ್ ಕಾರಿನಲ್ಲಿ ಅಂಥದ್ದಿಲ್ಲ. ನೇರ ದಾರಿಯಲ್ಲಿ ಟೈರು ಉಜ್ಜಿ ಒಂದಿಷ್ಟು ವೇಗ ಹೋದರೂ ಹಿಂಭಾಗ ಸ್ಥಿರವಾಗಿರಲಿ ಎಂದು ಪುಟ್ಟ ಕಾರು ತೆರುವ ಬೆಲೆ ಇದು. ಓವಲ್‌ನಲ್ಲಿ ಈ ಕೋನವನ್ನೂ ಎಡಕ್ಕೊಂದು ಬಲಕ್ಕೊಂದು ಮಾಡಿದರು.

ಇನ್ನು ಮಣ್ಣು. ಸಡಿಲ ಮಣ್ಣಿನಲ್ಲಿ ಮುಳ್ಳಿನಂಥ ಟೈರು, ಮೆತ್ತನೆಯ ಸ್ಪ್ರಿಂಗು, ಚಕ್ರಕ್ಕೆ ಮೇಲೆ ಕೆಳಗೆ ಧಾರಾಳವಾಗಿ ಆಡಲು ಅವಕಾಶ, ಇವು ಬೇಕು. ಬಗ್ಗಿಯ ಶಾಕ್ ಅದಕ್ಕೆಂದೇ ಹುಟ್ಟಿದ್ದು. ಜೇಡಿಮಣ್ಣನ್ನು ನೀರು ಹಾಕಿ ದಮ್ಮಸು ಮಾಡಿದ, ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ ತೇವ ಹಿಡಿದಿಟ್ಟ ಟ್ರ್ಯಾಕಿನಲ್ಲಿ ಟೈರಿನ ರಬ್ಬರು ನೆಲಕ್ಕೆ ಅಂಟಿ ಕಪ್ಪು ಪಟ್ಟೆ ಮೂಡುತ್ತದೆ. ಅಲ್ಲಿ ಹಿಡಿತ ಎಷ್ಟೆಂದರೆ ಮೆತ್ತನೆಯ ಎತ್ತರದ ಕಾರು ಜಾರುವ ಬದಲು ಬಲಕ್ಕೆ ಮಗುಚಿಕೊಳ್ಳುತ್ತದೆ. ಆಗ ಕಾರನ್ನು ತಗ್ಗಿಸಬೇಕು, ಬಲಬದಿಯ ಸ್ಪ್ರಿಂಗು ಬಿಗಿ ಮಾಡಬೇಕು, ಶಾಕ್ ಒಳಗೆ ಕೊಳವೆಯ ಚಿಕ್ಕ ತುಂಡು ಸೇರಿಸಿ ಅದರ ಆಟವನ್ನು ಮೊಟಕುಗೊಳಿಸಬೇಕು. ಒಂದೇ ಕಾರು, ಒಂದೇ ಟ್ರ್ಯಾಕು. ಮಧ್ಯಾಹ್ನ ನೀರು ಕುಡಿದಿದ್ದ ಮಣ್ಣು ರಾತ್ರಿ ಫೈನಲ್ ಹೊತ್ತಿಗೆ ಒಣಗಿ ನುಣುಪಾದರೆ ಹೊಂದಾಣಿಕೆ ಮತ್ತೆ ತಿರುಗುಮುರುಗು. ಕಂಪನಿಗಳೂ ಆಟಗಾರರೂ ಹಂಚಿಕೊಳ್ಳುವ ಸೆಟಪ್ ಶೀಟುಗಳಲ್ಲಿ ಸ್ಪ್ರಿಂಗು, ಎಣ್ಣೆಗಳ ಜೊತೆಗೆ ನೆಲ ಗಟ್ಟಿಯೋ ಸಡಿಲವೋ, ಒದ್ದೆಯೋ ಒಣವೋ ಎಂದು ಬರೆಯಲು ಜಾಗ ಬಿಟ್ಟಿರುವುದು ಸುಮ್ಮನೆ ಅಲ್ಲ. ಆ ಜಾಗ ಖಾಲಿ ಬಿಟ್ಟ ಶೀಟು ಎಂಥ ಚಾಂಪಿಯನ್ನನದಾದರೂ ಇನ್ನೊಬ್ಬರಿಗೆ ಪ್ರಯೋಜನವಿಲ್ಲ.

ಸಸ್ಪೆನ್ಷನ್‌ಗೆ ಇಷ್ಟು ಮಹತ್ವ ಕೊಡುವುದು ಸರಿಯಲ್ಲ, ನಿಜವಾದ ಬದಲಾವಣೆ ತಂದದ್ದು ಬ್ರಷ್‌ಲೆಸ್ ಮೋಟಾರು ಮತ್ತು ಲಿಥಿಯಂ ಬ್ಯಾಟರಿ ಎನ್ನುವವರಿದ್ದಾರೆ. ವೇಗ ಹೆಚ್ಚಿದ್ದು ಅವುಗಳಿಂದ ಎಂಬುದು ಒಪ್ಪುವ ಮಾತೇ. ಆದರೆ ಹಿಡಿತ ಮೀರಿದ ಶಕ್ತಿ ಚಕ್ರವನ್ನು ಸುಮ್ಮನೆ ತಿರುಗಿಸುತ್ತದೆಯೇ ಹೊರತು ಕಾರನ್ನು ಮುಂದಕ್ಕೆ ತಳ್ಳುವುದಿಲ್ಲ. ಅಮೆರಿಕದಲ್ಲಿ ರೇಡಿಯೊ ನಿಯಂತ್ರಿತ ಕಾರುಗಳ ಪಂದ್ಯಕ್ಕೆ ನಿಯಮ ರೂಪಿಸುವ, 1967ರಲ್ಲಿ ಶುರುವಾದ ರೋರ್ ಸಂಸ್ಥೆಯ ನಿಯಮಗಳ ಮಾದರಿಯಲ್ಲಿ ಅನೇಕ ವಿಭಾಗಗಳಲ್ಲಿ ಮೋಟಾರಿಗೆ ಮಿತಿ ಇರುವುದರಿಂದ ಎಲ್ಲರ ಶಕ್ತಿಯೂ ಹೆಚ್ಚುಕಡಿಮೆ ಒಂದೇ. ಅಲ್ಲಿಯೂ ಒಬ್ಬ ಮುಂದೆ, ಒಬ್ಬ ಹಿಂದೆ. ಬ್ಯಾಟರಿಯ ಬದಲಾವಣೆ ಕೂಡ ಕೊನೆಗೆ ಸಸ್ಪೆನ್ಷನ್ ಪ್ರಶ್ನೆಯಾಗಿಯೇ ಎದುರಾಯಿತು. ಆರು ಸೆಲ್ಲಿನ ಹಳೆಯ ಪ್ಯಾಕಿನ ಜಾಗಕ್ಕೆ ಹಗುರವಾದ ಲಿಥಿಯಂ ಪ್ಯಾಕು ಬಂದಾಗ ಎಡಬದಿಯ ಭಾರ ತಗ್ಗಿತು, ಅದನ್ನು ತುಂಬಿಕೊಡಲು ಸೀಸ, ಹಿತ್ತಾಳೆಯ ತುಂಡು ಅಂಟಿಸಬೇಕಾಯಿತು. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಗಾಳಿಯದು. ಸ್ಪ್ರಿಂಟ್ ಕಾರ್ ಎಂಬ ಇನ್ನೊಂದು ವಿಭಾಗದ ಕಾರಿನ ನೆತ್ತಿಯ ಮೇಲಿನ ಅಗಲವಾದ ರೆಕ್ಕೆ, ಲೇಟ್ ಮಾಡೆಲ್ಲಿನ ಚಪ್ಪಟೆ ಬಲಗೋಡೆ ಜಾರುವ ಕಾರನ್ನು ಗಾಳಿಯಿಂದಲೇ ತಡೆಯುತ್ತವೆ. ಗಾಳಿ ಮಾಡಿದ ಕೆಲಸದ ಕೀರ್ತಿಯನ್ನು ಸ್ಪ್ರಿಂಗಿಗೆ ಕಟ್ಟುವುದು ಈ ಆಟದಲ್ಲಿ ಮಾಮೂಲು.

2008ರಲ್ಲಿ ಟ್ರಾಕ್ಸಸ್ ಕಂಪನಿಯ ಸ್ಲ್ಯಾಶ್ ಟ್ರಕ್ ಬಂದಮೇಲೆ ಈ ವಿದ್ಯೆ ಮತ್ತೊಮ್ಮೆ ಮೊದಲಿನಿಂದ ಶುರುವಾದಂತಾಯಿತು. ಅದು ಓವಲ್‌ಗೆಂದು ಮಾಡಿದ ಗಾಡಿಯಲ್ಲ. ಎತ್ತರ ಹೆಚ್ಚು, ಚಕ್ರಗಳ ಆಟ ಹೆಚ್ಚು, ಎಡ-ಬಲ ಪೂರ್ತಿ ಸಮ. ಸುಲಭವಾಗಿ ಸಿಗುತ್ತದೆ, ಬೇಗ ಮುರಿಯುವುದಿಲ್ಲ ಎಂಬ ಕಾರಣಕ್ಕೆ ಸಣ್ಣ ಕ್ಲಬ್ಬುಗಳು ಅದಕ್ಕೊಂದು ವಿಭಾಗವನ್ನೇ ತೆರೆದವು. ಆಟಗಾರರು ಮಾಡಿದ್ದು ಆರ್‌ಸಿ10ರ ಕಾಲದವರು ಮಾಡಿದ್ದನ್ನೇ: ಶಾಕ್ ಮೊಟಕು ಮಾಡಿದರು, ಎಡಬದಿ ತಗ್ಗಿಸಿದರು, ಎಣ್ಣೆ ಬದಲಿಸಿದರು. ಓವಲ್ ಎಂಬ ಆಕಾರ, ಮಣ್ಣೆಂಬ ನೆಲ ಇವೆರಡು ಸೇರಿದರೆ ಯಾವ ಗಾಡಿ ಕೊಟ್ಟರೂ ಅದೇ ದಿಕ್ಕಿಗೆ ಹೋಗುತ್ತಾರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಬೇಕಿಲ್ಲ.

ಈಗಿನ ವಿವಾದ ಜೈರೊ ಕುರಿತದ್ದು. ಕಾರು ಹೊರಳುವುದನ್ನು ಕ್ಷಣಮಾತ್ರದಲ್ಲಿ ಗ್ರಹಿಸಿ ಸ್ಟಿಯರಿಂಗ್ ತಿದ್ದುವ ಈ ಬಿಲ್ಲೆ ಇಂದು ರಿಸೀವರಿನ ಒಳಗೇ ಬರುತ್ತದೆ. ಕಟ್ಟೆಯ ಮೇಲಿನ ಮನುಷ್ಯನ ನಿಧಾನವನ್ನು ಅದು ನೀಗಿಸುವುದರಿಂದ ಸಸ್ಪೆನ್ಷನ್ ಹೊಂದಾಣಿಕೆಗೆ ಇದ್ದ ಎರಡು ಕಾರಣಗಳಲ್ಲಿ ಒಂದು ಇಲ್ಲವಾಗುತ್ತದೆ. ಮಣ್ಣೆಂಬ ಇನ್ನೊಂದು ಕಾರಣ ಇದ್ದೇ ಇದೆ, ಏಕೆಂದರೆ ಜೈರೊ ಮುಂಚಕ್ರವನ್ನು ತಿರುಗಿಸಬಲ್ಲದು, ಎಡ ಹಿಂಚಕ್ರಕ್ಕೆ ಇಲ್ಲದ ಹಿಡಿತವನ್ನು ಕೊಡಲಾರದು. ಹೊಸಬರ ವಿಭಾಗದಲ್ಲಿ ಅದಕ್ಕೆ ಅವಕಾಶ ಕೊಟ್ಟು, ಉಳಿದ ಕಡೆ ನಿಷೇಧಿಸುವುದೇ ಕ್ಲಬ್ಬುಗಳಿಗೆ ಸರಿಯಾದ ದಾರಿ.