ಕಂತೆ, ಬೊಂತೆ, ಕೌದಿ



ಕಲ್ಯಾಣದ ಶರಣರ ಚರಿತ್ರೆಯನ್ನು ಬರೆಯುವವರು ಶಾಸನಗಳ ಕಡೆಗೆ, ತಾಡೋಲೆಗಳ ಕಡೆಗೆ, ಹಾಳುಬಿದ್ದ ಗುಡಿಗಳ ಕಡೆಗೆ ನೋಡುತ್ತಾರೆ. ಅದು ಸಹಜವಾದುದೇ. ಕಲ್ಲು ತಾನಾಗಿ ಉಳಿಯುತ್ತದೆ, ಓಲೆ ಜೋಪಾನ ಮಾಡಿದರೆ ಉಳಿಯುತ್ತದೆ. ಬಟ್ಟೆ ಮಾತ್ರ ಉಳಿಯುವುದಿಲ್ಲ. ಜೇಡರ ದಾಸಿಮಯ್ಯನು ನೆಯ್ದ ಬಟ್ಟೆಯಲ್ಲಿ ಒಂದು ಗೇಣು ತುಂಡಾಗಲಿ, ಸೂಜಿಕಾಯಕದ ರಾಮಿತಂದೆ ಹೊಲಿದ ಒಂದು ಅಂಗಿಯಾಗಲಿ ನಮ್ಮ ಕೈಗೆ ಬಂದಿಲ್ಲ. ಆದುದರಿಂದ ಉಟ್ಟ ಬಟ್ಟೆಯ ಚರಿತ್ರೆಯನ್ನು ನಾವು ಹೆಸರುಗಳಲ್ಲಿ, ಕಥೆಗಳಲ್ಲಿ, ಇಂದಿಗೂ ನಿಲ್ಲದ ಕೈಗಳ ಅಭ್ಯಾಸದಲ್ಲಿ ಹುಡುಕಬೇಕಾಗುತ್ತದೆ.

ಮೊದಲು ಹೆಸರುಗಳನ್ನೇ ನೋಡಿರಿ. ನೂಲುವ ಕಾಯಕದ ಕದಿರ ರೆಮ್ಮವ್ವೆ; ಮಗ್ಗದ ಕಾಯಕದ ಅಮುಗೆ ದೇವಯ್ಯ ಮತ್ತು ಅವನ ಸತಿ ರಾಯಮ್ಮ; ಹೊಲಿಯುವ ರಾಮಿತಂದೆ; ಒಗೆದು ಮಡಿಮಾಡುವ ಮಾಚಿದೇವ. ಇವರಿಗಿಂತ ಹಿಂದಿನವನು ಯಾದಗಿರಿ ಜಿಲ್ಲೆಯ ಮುದನೂರಿನ ದಾಸಿಮಯ್ಯ, ಅವನ ಮಡದಿ ದುಗ್ಗಳೆ. ಹತ್ತಿಯಿಂದ ಮಡಿವಸ್ತ್ರದವರೆಗೆ ಬಟ್ಟೆ ಹಾದುಹೋಗುವ ಪ್ರತಿಯೊಂದು ಕೈಗೂ ವಚನಪರಂಪರೆಯಲ್ಲಿ ಒಂದು ಹೆಸರಿದೆ, ಒಂದು ಅಂಕಿತವಿದೆ. ಇದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ.

ಆದರೆ ನಮ್ಮ ಪ್ರವಚನಗಳಲ್ಲಿ ಏನಾಗಿದೆ? ಸೂಜಿ ಎಂದೊಡನೆ ಅದು ಅರಿವು, ದಾರ ಎಂದೊಡನೆ ಅದು ಭಕ್ತಿ, ಮಗ್ಗವೆಂದೊಡನೆ ಅದು ದೇಹ. ಹೀಗೆ ಅರ್ಥಮಾಡುವುದು ತಪ್ಪಲ್ಲ, ನಾವೂ ಮಾಡಿದ್ದೇವೆ. ಆದರೆ ಅರ್ಥದ ಅವಸರದಲ್ಲಿ ಸೂಜಿಯೇ ಕಳೆದುಹೋಯಿತು. ರಾಮಿತಂದೆಯ ಬೆರಳಿಗೆ ಸೂಜಿ ಚುಚ್ಚಿ ರಕ್ತ ಬಂದಿರಬಹುದೆಂಬುದನ್ನು ಯಾವ ಪ್ರವಚನಕಾರನೂ ಹೇಳಿದ್ದನ್ನು ನಾವು ಕೇಳಿಲ್ಲ.

ದಾಸಿಮಯ್ಯನ ತವನಿಧಿಯ ಕಥೆ ನಿಮಗೆ ತಿಳಿದದ್ದೇ. ಬಹುಕಾಲ ಶ್ರಮಿಸಿ ನೆಯ್ದ ವಸ್ತ್ರವನ್ನು ಜಂಗಮವೇಷದ ಶಿವನು ಬೇಡಿದನು, ದಾಸಿಮಯ್ಯನು ಕೊಟ್ಟನು. ಜಂಗಮನು ಅದನ್ನು ಅವನ ಕಣ್ಣೆದುರಿಗೇ ಹರಿದನು. ಶರಣನು ಕೋಪಿಸಲಿಲ್ಲ, ಶಿವನು ಮೆಚ್ಚಿ ತವನಿಧಿಯನ್ನು ಕರುಣಿಸಿದನು. ಹೇಳುವವರೆಲ್ಲರೂ ತವನಿಧಿಯ ಹತ್ತಿರ ನಿಲ್ಲುತ್ತಾರೆ. ಬಾಲ್ಯದಲ್ಲಿ ಈ ಕಥೆಯನ್ನು ಕೇಳಿದಾಗ ನಮಗೆ ಹುಟ್ಟಿದ ಪ್ರಶ್ನೆಯೇ ಬೇರೆ: ಹರಿದ ಆ ಚೂರುಗಳನ್ನು ದುಗ್ಗಳೆ ಏನು ಮಾಡಿದಳು? ಪುರಾಣಕಾರರು ಉತ್ತರಿಸಿಲ್ಲ. ನಮ್ಮ ಸೀಮೆಯ ಯಾವ ತಾಯಿಯನ್ನು ಕೇಳಿದರೂ ಉತ್ತರ ಸಿಕ್ಕುತ್ತದೆ.

ಅವಳು ಅವನ್ನು ಕೂಡಿಸಿ ಹೊಲಿಯುತ್ತಾಳೆ. ಹಾಗೆ ಹೊಲಿದುದಕ್ಕೆ ಸಂಸ್ಕೃತದಲ್ಲಿ ಕಂಥಾ ಎಂಬ ಹೆಸರುಂಟು. ಕನ್ನಡದಲ್ಲಿ ಅದು ಕಂತೆಯಾಯಿತು. ಬಂಗಾಳದಲ್ಲಿ ಹಳೆಯ ಸೀರೆಗಳನ್ನು ಮಡಿಚಿ ಹೊಲಿದ ಹೊದಿಕೆಗೆ ಇಂದಿಗೂ ಅದೇ ಹೆಸರು. ನಮ್ಮಲ್ಲಿ ಬೊಂತೆಯೆಂಬ ಮಾತೂ ಇದೆ. ಕಂತೆಗೆ ತಕ್ಕ ಬೊಂತೆ ಎಂದು ಗಾದೆಯೇ ಇದೆ, ಅದನ್ನು ಹೀಯಾಳಿಕೆಗೆ ಬಳಸುವುದು ಬೇರೆ ಮಾತು. ಅದೇ ಬೊಂತೆಯನ್ನು ತನ್ನ ಹೆಸರಾಗಿ ಧರಿಸಿದ ಶರಣೆಯೊಬ್ಬಳು ಕಲ್ಯಾಣದಲ್ಲಿದ್ದಳು. ಕಾಶ್ಮೀರದ ರಾಜಕುವರಿ ನಿಜದೇವಿ ಎಲ್ಲವನ್ನೂ ತೊರೆದು, ಉಟ್ಟ ಬಟ್ಟೆಯನ್ನೂ ತೊರೆದು ಹೊರಟಾಗ ಶಿವನು ಅವಳಿಗೆ ಬೊಂತೆಯೊಂದನ್ನು ಹೊದಿಸಿದನೆಂದೂ, ಅಂದಿನಿಂದ ಅವಳು ಬೊಂತಾದೇವಿಯಾದಳೆಂದೂ ಪರಂಪರೆ ಹೇಳುತ್ತದೆ. ಪಟ್ಟೆಪೀತಾಂಬರವನ್ನು ಕೊಡಲು ಶಿವನಿಗೇನು ಕೊರತೆಯಿತ್ತು? ಕೊಟ್ಟದ್ದು ಬೊಂತೆಯನ್ನು.

ಇದು ನಮ್ಮ ಮತಕ್ಕೆ ಮಾತ್ರ ಸೇರಿದ ಮಾತಲ್ಲ. ಬೌದ್ಧರ ವಿನಯಪಿಟಕದಲ್ಲಿ ಒಂದು ಪ್ರಸಂಗವಿದೆ. ಕೌಶಾಂಬಿಯ ಉದಯನ ರಾಜನ ಅಂತಃಪುರದವರು ಆನಂದನಿಗೆ 500 ಚೀವರಗಳನ್ನು ದಾನಮಾಡಿದರು. ಇಷ್ಟು ಬಟ್ಟೆ ಇವನಿಗೇಕೆ, ಅಂಗಡಿ ಇಡುವನೋ ಎಂದು ರಾಜನಿಗೆ ಕೋಪ ಬಂದಿತು. ಆನಂದನನ್ನು ಕೇಳಿದನು. ಬಟ್ಟೆ ಸವೆದ ಭಿಕ್ಷುಗಳಿಗೆ ಹಂಚುವೆನೆಂದು ಆನಂದನು ಹೇಳಿದನು. ಹಾಗಾದರೆ ಅವರ ಹಳೆಯ ಬಟ್ಟೆ? ಮೇಲುಹಾಸಾಗುತ್ತದೆ. ಹಳೆಯ ಮೇಲುಹಾಸು? ಹಾಸಿಗೆಯ ಗವಸಾಗುತ್ತದೆ. ಹಳೆಯ ಗವಸು? ನೆಲದ ಹಾಸು. ಅದು ಹಳತಾದರೆ ಕಾಲೊರಸು, ಅದೂ ಹಳತಾದರೆ ಧೂಳು ಹೊಡೆಯುವ ಅರಿವೆ. ಕೊನೆಗೆ ಅದನ್ನು ಚಿಂದಿಮಾಡಿ ಮಣ್ಣಿನಲ್ಲಿ ಕಲಸಿ ನೆಲಕ್ಕೆ ಸಾರಿಸುತ್ತೇವೆ ಎಂದನು. ರಾಜನು ಸಂತೋಷಪಟ್ಟು ಇನ್ನೂ 500 ವಸ್ತ್ರಗಳನ್ನು ಕೊಟ್ಟನು.

ಈ ಪ್ರಸಂಗವನ್ನು ನಾವು ವಿಶ್ವವಿದ್ಯಾಲಯದಲ್ಲಿ ಓದಿದ್ದೆವು. ಪರೀಕ್ಷೆಯಲ್ಲಿ ಬರೆದೂ ಇದ್ದೆವು. ಓದಿದ್ದು ತಲೆಯಲ್ಲಿ ಎಷ್ಟು ನಿಂತಿತ್ತೆಂಬುದನ್ನು ಮುಂದೆ ಹೇಳುತ್ತೇವೆ.

ಉತ್ತರ ಕರ್ನಾಟಕದಲ್ಲಿ ಬೆಳೆದ ನಿಮಗೆ ಕೌದಿಯನ್ನು ಬಣ್ಣಿಸಿ ಹೇಳಬೇಕಾಗಿಲ್ಲ. ಆದರೂ ಹೊಲಿಯುವುದನ್ನು ಕುಳಿತು ನೋಡಿದವರು ಕಡಿಮೆಯಾಗುತ್ತಿದ್ದಾರೆ. ಹಳೆಯ ಸೀರೆ, ಧೋತರಗಳನ್ನು ಒಗೆದು ಒಣಗಿಸಿ, ಸವೆದ ಭಾಗವನ್ನು ತೆಗೆದುಹಾಕಿ, ಸಾರಿಸಿದ ನೆಲದ ಮೇಲೆ ಪದರು ಪದರಾಗಿ ಹಾಸುತ್ತಾರೆ. ಮೇಲಿನ ಪದರಿನಲ್ಲಿ ಗಟ್ಟಿಯಾದ, ಬಣ್ಣವುಳಿದ ತುಂಡುಗಳು: ಇಳಕಲ್ ಸೀರೆಯ ದಡಿ, ಗುಳೇದಗುಡ್ಡದ ಖಣ, ಮಕ್ಕಳ ಅಂಗಿಯ ಚೂರು. ಅಂಚಿನಿಂದ ಆರಂಭಿಸಿ ಒಳಗೊಳಗೆ ಸಾಲುಹೊಲಿಗೆ ಹಾಕುತ್ತ ಹೋಗುತ್ತಾರೆ. ನಾಲ್ಕು ಮಂದಿ ನಾಲ್ಕು ಕಡೆ ಕುಳಿತರೆ ಕೆಲಸ ಬೇಗ ಸಾಗುತ್ತದೆ, ಮಾತೂ ಸಾಗುತ್ತದೆ. ಇದು ನಿನ್ನ ಸೀಮಂತದ ಸೀರೆಯಲ್ಲವೇ, ಇದು ಸತ್ತ ಮಾವನ ಧೋತರವಲ್ಲವೇ ಎಂದು ಒಂದೊಂದು ತುಂಡಿಗೂ ಒಂದು ಕಥೆ. ಹೊಲಿಯುವವರ ಸುಖವೇ ಅಲ್ಲಿದೆ. ಸವೆದ ಹತ್ತಿಯ ಮೆದುತನ ಹೊಸ ಬಟ್ಟೆಗೆ ಬಾರದು. ಹುಟ್ಟಿದ ಕೂಸನ್ನು ಅಜ್ಜಿಯ ಹಳೆಯ ಸೀರೆಯ ಕೌದಿಯಲ್ಲಿ ಮಲಗಿಸುವುದು ಬಡತನಕ್ಕಾಗಿ ಮಾತ್ರವಲ್ಲ. ಮಹಾನವಮಿಯ ಮುಂಚೆ ಹಳ್ಳಕ್ಕೆ ಒಯ್ದು ಒಗೆಯುವಾಗ ನೆನೆದ ಕೌದಿಯನ್ನು ಎತ್ತಲು ಇಬ್ಬರು ಬೇಕು.

ಯಲ್ಲಾಪುರ, ಹಳಿಯಾಳ, ಮುಂಡಗೋಡ ಭಾಗದ ಸಿದ್ದಿ ಹೆಣ್ಣುಮಕ್ಕಳ ಕವದಿಯನ್ನೂ ಇಲ್ಲಿ ನೆನೆಯಬೇಕು. ಆಫ್ರಿಕದಿಂದ ಬಂದವರ ಸಂತತಿ ಅವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಕವದಿಯ ಹೊಲಿಗೆ ಮಾತ್ರ ಒಂದೇ. ನಾಲ್ಕು ಮೂಲೆಗಳಲ್ಲಿ ಬಟ್ಟೆಯನ್ನು ಮುಕ್ಕೋನವಾಗಿ ಮಡಿಚಿ ‘ಫೂಲ’ ಇಡುತ್ತಾರೆ. ಹೂವಿಲ್ಲದ ಕವದಿ ಅವರ ಕಣ್ಣಿಗೆ ಮುಗಿದ ಕವದಿಯಲ್ಲ.

ಇನ್ನು ನಮ್ಮ ತಪ್ಪಿನ ಮಾತು. ಹಳೆಯ ವಿದ್ಯಾರ್ಥಿಗಳಿಗೆ ನೆನಪಿರಬಹುದು, ಪ್ರಸಾದನಿಲಯಕ್ಕೆ ಬರುವ ಹುಡುಗನ ಆಸ್ತಿಯೆಂದರೆ ಒಂದು ಟ್ರಂಕು, ಒಂದು ತಾಟು, ಒಂದು ಕೌದಿ. 1998ರಲ್ಲಿ ಭಕ್ತರೊಬ್ಬರು ನಿಲಯಕ್ಕೆ ಸೊಲ್ಲಾಪುರದ ಹೊಸ ಚಾದರಗಳನ್ನು ಕಾಣಿಕೆ ಕೊಟ್ಟರು. ಆಗ ನಾವು ಪದವಿ ಮುಗಿಸಿ ಬಂದ ಹೊಸತು. ನಿಲಯವೆಲ್ಲ ಒಂದೇ ಬಣ್ಣದಲ್ಲಿ ಒಪ್ಪವಾಗಿ ಕಾಣಬೇಕೆಂಬ ಹುರುಪು. ಕೌದಿಗಳನ್ನೆಲ್ಲ ಕೂಡಿಸಿ ಬಣವಿಗೆ ಹೊದಿಸಿರೆಂದು ಆಳುಗಳಿಗೆ ಹೇಳಿದೆವು. ಆನಂದನು ಎಣಿಸಿದ ಮೆಟ್ಟಿಲುಗಳನ್ನೆಲ್ಲ ಹಾರಿ ನೇರವಾಗಿ ಕೊನೆಯದಕ್ಕೆ ಇಳಿಸಿದಂತಾಯಿತು. ಅಮುಗೆ ದೇವಯ್ಯನು ಮಗ್ಗ ನಡೆಸಿದ ಸೊನ್ನಲಿಗೆಯೇ ಈಗಿನ ಸೊಲ್ಲಾಪುರವೆಂಬುದನ್ನು ಅಂದಿನ ಭಾಷಣದಲ್ಲಿ ಸೇರಿಸಿ ಚಪ್ಪಾಳೆಯನ್ನೂ ಪಡೆದೆವು.

ಎರಡು ಮಳೆ ಬಿದ್ದ ಮೇಲೆ ವಿದ್ಯಾರ್ಥಿಯೊಬ್ಬನ ತಾಯಿ ಬಂದು ಕೌದಿಯನ್ನು ಕೇಳಿದಳು. ಬಣವಿಯ ಹತ್ತಿರ ಹೋಗಿ ತಾನೇ ಹುಡುಕಿ ತೆಗೆದಳು, ಅರ್ಧ ಕೊಳೆತಿತ್ತು. “ಅಪ್ಪಾರ, ಇದರಾಗ ನಮ್ಮ ಅತ್ತಿ ಸೀರಿ ಇತ್ರಿ, ನನ್ನ ಮದವಿ ಸೀರಿ ಇತ್ರಿ, ತೀರಿಹೋದ ಮಗಳ ಲಂಗ ಇತ್ರಿ” ಎಂದಳು. ಅಷ್ಟೇ. ದೂರಲಿಲ್ಲ. ನಾವು ಹೊಸ ಚಾದರವೊಂದನ್ನು ಕೊಡಹೋದೆವು. ಅವಳು ಕೈಮುಗಿದು ಬೇಡವೆಂದಳು. ಆ ಕ್ಷಣದ ನಾಚಿಕೆಯನ್ನು ಯಾವ ಪ್ರವಚನದಿಂದಲೂ ತೊಳೆದುಕೊಳ್ಳಲಾಗಿಲ್ಲ.

ದೀಪಾವಳಿಯ ಹೊತ್ತಿಗೆ ಅವಳು ಮತ್ತೆ ಬಂದಳು. ಕೊಳೆಯದ ಭಾಗಗಳನ್ನು ಕತ್ತರಿಸಿ, ಬೇರೆ ಸೀರೆಗಳ ನಡುವೆ ಇಟ್ಟು ಹೊಸ ಕೌದಿ ಹೊಲಿದಿದ್ದಳು. ಮಗಳ ಲಂಗದ ಹಸಿರು ಚೂರು ಮಧ್ಯದಲ್ಲಿತ್ತು. ಅದನ್ನು ಮಗನಿಗೆ ಹೊದಿಸಿ ಹೋದಳು. ಮುಂದಿನ ವರ್ಷದಿಂದ ಚಾದರದ ಜೊತೆಗೆ ಮನೆಯ ಕೌದಿಯನ್ನೂ ಹುಡುಗರು ಇಟ್ಟುಕೊಳ್ಳಬಹುದೆಂದು ಗೊತ್ತುಮಾಡಿದೆವು.

ಈಗ ಕೌದಿ ಪಟ್ಟಣದ ಅಂಗಡಿಗಳಲ್ಲಿ ಕಲಾವಸ್ತುವಾಗಿ ಮಾರಾಟಕ್ಕೆ ಬಂದಿದೆ. ಅದು ಸಂತೋಷದ ಸಂಗತಿ. ಆದರೆ ಅಲ್ಲಿ ಸಾವಿರಗಟ್ಟಲೆ ಎಣಿಸಿಕೊಡುವ ನಮ್ಮ ಭಕ್ತರೇ, ಊರಿಗೆ ಬಂದು ಕಟ್ಟೆಯ ಮೇಲೆ ವಾರಗಟ್ಟಲೆ ಕುಳಿತು ಹೊಲಿದುಕೊಡುವ ಹೆಣ್ಣುಮಗಳೊಡನೆ ನೂರು ರೂಪಾಯಿಗೆ, ಒಂದು ಸೇರು ಜೋಳಕ್ಕೆ ಜಗಳವಾಡುವುದನ್ನು ಕಂಡಿದ್ದೇವೆ. ಕಾಯಕದ ಮಾತನ್ನು ಬಸವಜಯಂತಿಯ ದಿನ ಆಡಿ, ಮರುದಿನ ಹೀಗೆ ನಡೆದುಕೊಂಡರೆ ರಾಮಿತಂದೆಯ ಹೆಸರನ್ನು ನಾವು ಯಾವ ಬಾಯಿಂದ ಹೇಳಬೇಕು?

ಕೊನೆಯದಾಗಿ ಒಂದು ವಿನಂತಿ. ನಿಮ್ಮ ಮನೆಯಲ್ಲಿ ಹಳೆಯ ಕೌದಿ ಇದ್ದರೆ, ಹೊಲಿದವರ ಹೆಸರು, ಊರು, ಯಾವ ತುಂಡು ಯಾರದೆಂಬ ನೆನಪು, ಇಷ್ಟನ್ನು ಮನೆಯ ಹಿರಿಯ ತಾಯಂದಿರನ್ನು ಕೇಳಿ ಒಂದು ಹಾಳೆಯಲ್ಲಿ ಬರೆದು ಮಠಕ್ಕೆ ಕಳಿಸಿರಿ. ಕೌದಿಯನ್ನು ಕಳಿಸಬೇಡಿರಿ, ಅದು ನಿಮ್ಮ ಮನೆಯಲ್ಲಿಯೇ ಬಳಕೆಯಲ್ಲಿರಲಿ. ಹಾಳೆಗಳನ್ನು ನಾವು ಗ್ರಂಥಭಂಡಾರದಲ್ಲಿ ತಾಡೋಲೆಗಳ ಪಕ್ಕದ ಕಪಾಟಿನಲ್ಲಿ ಇಡಿಸುತ್ತೇವೆ. ಅದಕ್ಕೆ ಒಂದು ಅರೆಯನ್ನು ಈಗಾಗಲೇ ತೆರವು ಮಾಡಿಸಿದೆ.