ಹಳ್ಳೂರಿನ ಕುದುರೆ

ಶ್ರೀರಂಗಪಟ್ಟಣದಿಂದ ಪಾಂಡವಪುರ, ಬೂಕನಕೆರೆ, ನಾಗಮಂಗಲಗಳವರೆಗೆ ಹರಡಿರುವ ನೆಲದ ಅಡಿಗಲ್ಲು ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು. ಭೂಮಿಯ ಮೇಲೆ ಪ್ರಾಣಿಗಳು ತಲೆದೋರುವುದಕ್ಕೆ ಬಹು ಮೊದಲೇ ರೂಪುಗೊಂಡ ಈ ಶಿಲೆಯಲ್ಲಿ ಎಲುಬಿನ ಪಳೆಯುಳಿಕೆಯನ್ನು ಅರಸುವುದು ವ್ಯರ್ಥ. ಇಲ್ಲಿ ಕುದುರೆ ಕಾಣಸಿಗುವುದು ಕಲ್ಲಿನ ಒಳಗಲ್ಲ, ಕಲ್ಲಿನ ಮೇಲೆ. ಕೃಷ್ಣರಾಜಪೇಟೆಯ ಸಮೀಪದ ಹೊಸಹೊಳಲಿನಲ್ಲಿ ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯವಿದೆ. ಅದರ ಕೆಳಪಟ್ಟಿಕೆಗಳಲ್ಲಿ ಆನೆಗಳ ಸಾಲು, ಅದರ ಮೇಲೆ ಸವಾರರನ್ನು ಹೊತ್ತ ಕುದುರೆಗಳ ಸಾಲು. ಹೊಯ್ಸಳರ ಕಾಲಕ್ಕೆ ಕುದುರೆ ಕನ್ನಡ ನಾಡಿನ ರಾಜವೈಭವದಲ್ಲಿ ಸಂಪೂರ್ಣ ಬೆರೆತುಹೋಗಿತ್ತೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅದು ಈ ನಾಡಿಗೆ ಮೊದಲು ಕಾಲಿಟ್ಟುದು ಯಾವಾಗ? ಈ ಪ್ರಶ್ನೆಗೆ ಉತ್ತರವನ್ನು ಹುಡುಕುವವರು ಕಾವೇರಿಯ ಸೀಮೆಯನ್ನು ಬಿಟ್ಟು ತುಂಗಭದ್ರೆಯ ಎಡದಂಡೆಗೆ, ಈಗಿನ ಹಾವೇರಿ ಜಿಲ್ಲೆಯ ಹಳ್ಳೂರಿಗೆ ಹೋಗಬೇಕಾಗುತ್ತದೆ.

ಹಳ್ಳೂರಿನಲ್ಲಿ 1965ರಲ್ಲಿ ಡಾ. ಎಂ. ಎಸ್. ನಾಗರಾಜರಾಯರು ಉತ್ಖನನ ನಡೆಸಿದರು. ನವಶಿಲಾಯುಗದ ಜನರ ನೆಲೆ, ಅದರ ಮೇಲೆ ಕಬ್ಬಿಣವನ್ನು ಬಲ್ಲವರ ನೆಲೆ, ನಡುವೆ ಎರಡೂ ಬೆರೆತ ಪದರಗಳು ಅಲ್ಲಿ ದೊರೆತವು. ಮಣ್ಣಿನಲ್ಲಿ ಸಿಕ್ಕ ಎಲುಬುಗಳನ್ನು ಪರೀಕ್ಷಿಸುವ ಹೊಣೆ ಡಾ. ಕೆ. ಆರ್. ಆಲೂರರ ಪಾಲಿಗೆ ಬಂದಿತು. ಆಲೂರರು ಪಶುವೈದ್ಯಶಾಸ್ತ್ರದಲ್ಲಿ ಪಳಗಿದವರು. ಜೀವಂತ ಪ್ರಾಣಿಯ ಕಾಲನ್ನು ಹಿಡಿದು ನೋಡಿದ ಕೈ ಸಾವಿರಾರು ವರ್ಷಗಳ ಹಿಂದಿನ ಎಲುಬನ್ನು ಗುರುತಿಸಲು ಹೆಚ್ಚು ಯೋಗ್ಯವೆಂಬುದರಲ್ಲಿ ಸಂದೇಹವಿಲ್ಲ. ಎತ್ತಿನದು ಸೀಳುಗೊರಸು, ಕುದುರೆಯದು ಒಂಟಿಗೊರಸು. ಈ ಭೇದ ಗೊರಸಿನಲ್ಲಿ ನಿಲ್ಲದೆ ಬೆರಳೆಲುಬಿಗೂ ಅದರ ಮೇಲಿನ ಕಾಲೆಲುಬಿಗೂ ಏರುತ್ತದೆ. ಆದ್ದರಿಂದ ತುಂಡೊಂದು ಸಿಕ್ಕರೂ ಅದು ದನದ್ದೋ ಕುದುರೆಯ ಜಾತಿಯದ್ದೋ ಎಂದು ಬಲ್ಲವರು ನಿರ್ಣಯಿಸಬಹುದು. ಹಳ್ಳೂರಿನ ಕೆಲವು ಎಲುಬುಗಳನ್ನು ಆಲೂರರು ಕುದುರೆಯವೆಂದು ನಿರ್ಣಯಿಸಿದರು. ಅವರ ವರದಿ 1971ರಲ್ಲಿ ಧಾರವಾಡದಲ್ಲಿ ಪ್ರಕಟವಾದ ನಾಗರಾಜರಾಯರ ಗ್ರಂಥದಲ್ಲಿ ಸೇರಿತು.

ಅಲ್ಲಿಂದ ವಿವಾದ ಹುಟ್ಟಿತು. ಈ ಎಲುಬುಗಳಿಗೆ ಸಾಮಾನ್ಯವಾಗಿ ಹೇಳುವ ಕಾಲ ಕ್ರಿ.ಪೂ. 1500ರಿಂದ 1300. ಕುದುರೆಯನ್ನು ಭಾರತಕ್ಕೆ ತಂದವರು ಆರ್ಯರು, ಅವರು ಬಂದದ್ದು ಕ್ರಿ.ಪೂ. 1500ರ ಸುಮಾರಿಗೆ, ಅದೂ ವಾಯವ್ಯದಿಂದ ಎಂಬುದು ಆಗ ಬೇರೂರಿದ್ದ ಮತ. ಹಾಗಾದರೆ ಅದೇ ಕಾಲದಲ್ಲಿ ತುಂಗಭದ್ರೆಯ ದಡದಲ್ಲಿ ಕುದುರೆ ಹೇಗೆ? ಗುರುತೇ ತಪ್ಪಿರಬಹುದೆಂದು ಕೆಲವರು ಶಂಕಿಸಿದರು. ಆಲೂರರು ಜಗ್ಗಲಿಲ್ಲ. 1992ರಲ್ಲಿ, ಎಸ್. ಆರ್. ರಾಯರ ಅಭಿನಂದನ ಗ್ರಂಥಕ್ಕೆ ಬರೆದ ಲೇಖನದಲ್ಲಿಯೂ, ಪುರಾತತ್ತ್ವಜ್ಞರ ಅಭಿಪ್ರಾಯವೇನೇ ಇದ್ದರೂ ಎಲುಬಿನ ಸಾಕ್ಷ್ಯ ಬದಲಾಗದೆಂದು ಅವರು ಸ್ಪಷ್ಟವಾಗಿ ಹೇಳಿದರು.

ವೈದ್ಯರು ಪ್ರಾಚೀನ ಎಲುಬುಗಳ ವ್ಯಾಸಂಗಕ್ಕೆ ತಿರುಗಿದುದು ಇದೇ ಮೊದಲಲ್ಲ. ಶಿವಾಲಿಕ್ ಬೆಟ್ಟಗಳ ಪಳೆಯುಳಿಕೆಗಳನ್ನು ಸಂಗ್ರಹಿಸಿದ ಹ್ಯೂ ಫಾಲ್ಕನರ್ ಕಂಪನಿ ಸರಕಾರದ ವೈದ್ಯರಾಗಿದ್ದರು. ನರ್ಮದಾ ಕಣಿವೆಯ ಪಳೆಯುಳಿಕೆ ಕುದುರೆಗೆ ಹೆಸರಿಟ್ಟವರಲ್ಲಿ ಅವರೂ ಒಬ್ಬರು. ಕನ್ನಡ ನಾಡಿನಲ್ಲಿಯೂ ಗೋಕಾಕದ ಬಳಿ ದೊರೆತ ಘೇಂಡಾಮೃಗದ ಅವಶೇಷವನ್ನು ಬ್ರೂಸ್ ಫುಟ್ 1874ರಲ್ಲಿ ವರ್ಣಿಸಿದ್ದಾರೆ. ಆದರೆ ನರ್ಮದೆಯ ಕುದುರೆ ಹಿಮಯುಗದ್ದು, ಮಾನವನು ಪಳಗಿಸಿದ ಕುದುರೆಗಿಂತ ಬೇರೆಯಾದುದು. ಅದನ್ನು ಹಳ್ಳೂರಿನ ಪ್ರಾಣಿಯ ಪೂರ್ವಜನೆಂದು ಹೇಳುವುದು ದುಸ್ಸಾಹಸ.

ಇನ್ನು ಭಾಷಾಶಾಸ್ತ್ರದ ಮಾತು. ಕನ್ನಡದ ‘ಕುದುರೆ’, ತಮಿಳಿನ ‘ಕುದಿರೈ’, ಮಲೆಯಾಳದ ‘ಕುದಿರ’ ಒಂದೇ ಮೂಲದವು. ಜಿಗಿಯುವುದೆಂಬ ಅರ್ಥದ ತಮಿಳು ಧಾತುವಿನೊಡನೆ ಇವನ್ನು ಜೋಡಿಸುವ ಯತ್ನವೂ ನಡೆದಿದೆ. ತೆಲುಗಿನ ಬಳಕೆಯ ಮಾತು ಮಾತ್ರ ‘ಗುರ್ರಮು’. ಹಳೆಯ ತಮಿಳಿನಲ್ಲಿ ‘ಇವುಳಿ’ ಎಂಬ ಇನ್ನೊಂದು ಪದವಿದ್ದು, ದೂರದ ಬಲೂಚಿಸ್ಥಾನದ ಬ್ರಾಹುಯಿ ಭಾಷೆಯ ‘ಹುಲ್ಲಿ’ಯನ್ನು ಬರೋ ಮತ್ತು ಎಮೆನೋ ತಮ್ಮ ದ್ರಾವಿಡ ನಿಷ್ಪತ್ತಿ ಕೋಶದಲ್ಲಿ ಅದರ ಜೊತೆಗಿರಿಸಿದ್ದಾರೆ. ‘ಆಡು’ ಎಂಬ ಪದದ ಬಂಧುಗಳು ಗೊಂಡಿಯವರೆಗೂ ಹಬ್ಬಿರುವಾಗ ಕುದುರೆಗೆ ಹೀಗೆ ಬೇರೆಬೇರೆ ಹೆಸರುಗಳಿರುವುದು ಗಮನಾರ್ಹ. ಇದರಿಂದ ಕುದುರೆಯ ಪರಿಚಯ ಆಡಿನ ಪರಿಚಯಕ್ಕಿಂತ ಈಚಿನದೆಂದು ಊಹಿಸಬಹುದು. ಎಷ್ಟು ಈಚಿನದೆಂದು ಕೇಳಿದರೆ ಪದಗಳು ಮೌನ ತಾಳುತ್ತವೆ, ಪದಕ್ಕೆ ಪದರವಿಲ್ಲ.

ಎಲುಬಿನ ಮಿತಿಯೂ ಸಣ್ಣದಲ್ಲ. ಕುದುರೆಯನ್ನು ದನದಿಂದ ಬೇರ್ಪಡಿಸುವುದು ಸುಲಭ. ಕತ್ತೆಯಿಂದ, ಅದರಲ್ಲಿಯೂ ಕಾಡುಕತ್ತೆಯಿಂದ ಬೇರ್ಪಡಿಸುವುದು ಕಷ್ಟ. ಕೆಳದವಡೆಯ ಹಲ್ಲಿನ ಒಳಬದಿಯ ಮಡಿಕೆ ಕತ್ತೆಯಲ್ಲಿ ಚೂಪು, ಕುದುರೆಯಲ್ಲಿ ದುಂಡು ಎಂಬಂಥ ಸೂಕ್ಷ್ಮ ಲಕ್ಷಣಗಳನ್ನೇ ನಂಬಬೇಕಾಗುತ್ತದೆ. ಗುಜರಾತಿನ ಸುರ್ಕೋಟಡದ ಎಲುಬುಗಳನ್ನು ಹಂಗೇರಿಯ ಸಾಂಡೋರ್ ಬೊಕೊನಿ ಕುದುರೆಯವೆಂದರೆ, ಅಮೆರಿಕದ ರಿಚರ್ಡ್ ಮೆಡೋ ಒಪ್ಪಲಿಲ್ಲ. ಇಬ್ಬರೂ ಆ ಶಾಸ್ತ್ರದಲ್ಲಿ ನಿಷ್ಣಾತರೇ.

ಆಲೂರರ ದೃಢತೆಯನ್ನು ಈ ಹಿನ್ನೆಲೆಯಲ್ಲಿ ತೂಗಬೇಕು. ಎಲುಬು ಕುದುರೆಯದೇ ಎಂದು ಹೇಳುವ ಅಧಿಕಾರ ಪಶುವೈದ್ಯನಿಗೆ ಇದೆ. ಮತಕ್ಕೆ ಹೊಂದುವುದಿಲ್ಲವೆಂಬ ಕಾರಣದಿಂದ ಅದನ್ನು ತಳ್ಳಿಹಾಕಿದುದು ಶಾಸ್ತ್ರೀಯ ಕ್ರಮವಲ್ಲ. ಹಾಗೆಂದು ಆರ್ಯರು ಬರಲೇ ಇಲ್ಲ, ಅಥವಾ ಬಂದರು, ಎಂದು ನಿರ್ಣಯಿಸುವ ಶಕ್ತಿ ಆ ಎಲುಬಿಗಿಲ್ಲ. ಕುದುರೆಯನ್ನು ಮಾರಾಟಕ್ಕೆ ತಂದವನ ಮನೆಮಾತು ಯಾವುದೆಂದು ಗೊರಸು ಹೇಳುವುದಿಲ್ಲ. ವಿಜಯನಗರದ ಅರಸರ ಲಾಯಗಳಿಗೆ ಅರಬ್ಬೀ ಕುದುರೆಗಳು ಹಡಗಿನಲ್ಲಿ ಬಂದಿಳಿದುವು. ಅದರಿಂದ ವಿಜಯನಗರದ ಪ್ರಜೆಗಳು ಅರಬ್ಬೀ ಭಾಷೆಯನ್ನಾಡಲಿಲ್ಲ.

ಕಾಲದ ವಿಷಯದಲ್ಲಿ ಇನ್ನೊಂದು ತೊಡಕಿದೆ. ಪದರದಲ್ಲಿ ಸಿಕ್ಕ ಇದ್ದಿಲಿನ ಕಾಲಗಣನೆಯಿಂದ ತಿಳಿಯುವುದು ಇದ್ದಿಲಿನ ಕಾಲ. ಹಂದಿ ಹೆಗ್ಗಣಗಳು ತೋಡಿದ ಬಿಲದ ಮೂಲಕವೋ, ಮುಂದಿನವರು ಅಗೆದ ಗುಂಡಿಯ ಮೂಲಕವೋ ಮೇಲಿನ ಎಲುಬು ಕೆಳಗಿಳಿಯುವುದು ಉತ್ಖನನಗಳಲ್ಲಿ ಅಪರೂಪವಲ್ಲ. ಎಲುಬಿನಲ್ಲಿಯೇ ಉಳಿದಿರುವ ಸಾವಯವ ಅಂಶದಿಂದ ಅದರ ವಯಸ್ಸನ್ನು ನೇರವಾಗಿ ಅಳೆಯುವ ವಿಧಾನ ಈಗ ಉಂಟು. ಅದಕ್ಕೆ ಕೆಲವೇ ಗ್ರಾಂ ಎಲುಬು ಸಾಕು. ಆದರೆ ದಖ್ಖಣದ ಬಿಸಿಲು ಮಳೆಗಳಲ್ಲಿ ಬೆಂದು ನೆನೆದ ಮಣ್ಣಿನಲ್ಲಿ ಆ ಅಂಶ ಉಳಿದಿರುವುದೇ ವಿರಳ.