ಪಾಲುದಾರಿಕೆ ಸಂಸ್ಥೆಗಳ ಆದಾಯ ತೆರಿಗೆ

ಇಬ್ಬರು ಅಥವಾ ಹೆಚ್ಚು ಮಂದಿ ಕೂಡಿ ನಡೆಸುವ ವ್ಯಾಪಾರದ ಲಾಭಕ್ಕೂ, ಆ ವ್ಯಾಪಾರದಿಂದ ಪಾಲುದಾರರ ಕೈಸೇರುವ ಹಣಕ್ಕೂ ಭಾರತದಲ್ಲಿ ತೆರಿಗೆ ಹಾಕುವ ವ್ಯವಸ್ಥೆ. 1932ರ ಭಾರತೀಯ ಪಾಲುದಾರಿಕೆ ಕಾಯ್ದೆಯ ಪ್ರಕಾರ ಸಂಸ್ಥೆಗೆ ಪಾಲುದಾರರಿಂದ ಬೇರೆಯಾದ ಅಸ್ತಿತ್ವವಿಲ್ಲ. ಫರ್ಮ್ ಎಂಬುದು ಅವರೆಲ್ಲರನ್ನೂ ಒಟ್ಟಾಗಿ ಕರೆಯುವ ಹೆಸರು, ಅಷ್ಟೆ. ಆದಾಯ ತೆರಿಗೆ ಕಾನೂನು ಮಾತ್ರ ಫರ್ಮನ್ನು ಪ್ರತ್ಯೇಕ ವ್ಯಕ್ತಿಯೆಂದು ಎಣಿಸಿ ಅದಕ್ಕೊಂದು ಪ್ಯಾನ್ ಕೊಡುತ್ತದೆ. ಈ ವಿಷಯದ ಬಹುಪಾಲು ವ್ಯಾಜ್ಯಗಳು ಹುಟ್ಟಿರುವುದು ಈ ಎರಡು ನಿಲುವುಗಳ ನಡುವಣ ಬಿರುಕಿನಲ್ಲಿ. ಅವುಗಳಲ್ಲಿ ಅತಿ ಪ್ರಸಿದ್ಧವಾದದ್ದು ಬೆಂಗಳೂರಿನ ಊದುಬತ್ತಿ ವ್ಯಾಪಾರದಿಂದ ಬಂದದ್ದು. ಇಲ್ಲಿ ಹೇಳಿರುವ ತೆರಿಗೆಯ ಕಲಮುಗಳೆಲ್ಲ 1961ರ ಆದಾಯ ತೆರಿಗೆ ಕಾಯ್ದೆಯವು. ಅದರ ಜಾಗಕ್ಕೆ ಬರುವ 2025ರ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗುವಂಥದ್ದು. ಅದರಲ್ಲಿ ಕಲಮಿನ ಸಂಖ್ಯೆಗಳು ಬದಲಾಗಿದ್ದರೂ ಫರ್ಮಿನ ತೆರಿಗೆಯ ಮೂಲ ಚೌಕಟ್ಟು ಹಾಗೆಯೇ ಉಳಿದಿದೆ.

ಪಶ್ಚಿಮ ಬೆಂಗಳೂರಿನ ಹಿನ್ನೆಲೆ

ರಾಜಾಜಿನಗರ ಕೈಗಾರಿಕಾ ಎಸ್ಟೇಟ್, ಕಾಮಾಕ್ಷಿಪಾಳ್ಯ, ಮಾಗಡಿ ರಸ್ತೆ, ಕೆಂಗೇರಿಯಾಚೆಯ ಕುಂಬಳಗೋಡು ಇವೆಲ್ಲ ಸಣ್ಣ ಶೆಡ್‌ಗಳ ಪ್ರದೇಶ. ಲೇತು, ಮಿಲ್ಲಿಂಗ್, ಪ್ಲೇಟಿಂಗ್, ಮುದ್ರಣ, ಪ್ಲಾಸ್ಟಿಕ್ ಮೋಲ್ಡಿಂಗ್, ದೊಡ್ಡ ಕಾರ್ಖಾನೆಗಳಿಗೆ ಮಾಡಿಕೊಡುವ ಜಾಬ್ ವರ್ಕ್ ಇಲ್ಲಿಯ ಕಸುಬು. 1949ರಲ್ಲಿ ಸ್ಥಾಪನೆಯಾದ ಸಣ್ಣ ಕೈಗಾರಿಕೆಗಳ ಸಂಘ ‘ಕಾಸಿಯಾ’ದ ಕಚೇರಿ ವಿಜಯನಗರದಲ್ಲಿದೆ. 1960ರಲ್ಲಿ ಹುಟ್ಟಿದ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ಆಡಳಿತ ಕಚೇರಿ ರಾಜಾಜಿನಗರದ ಎಸ್ಟೇಟಿನಲ್ಲೇ ಇದೆ. ಅಣ್ಣತಮ್ಮಂದಿರು, ಭಾವಮೈದುನರು, ಒಂದೇ ಕಾರ್ಖಾನೆಯಲ್ಲಿ ಕೆಲಸ ಕಲಿತ ಇಬ್ಬರು ಗೆಳೆಯರು ಸೇರಿ ಡೀಡ್ ಬರೆಸಿ ಶುರುಮಾಡಿದ ಫರ್ಮ್‌ಗಳು ಇಂಥ ಕಡೆ ಸಾಮಾನ್ಯ. ಕಂಪನಿಯಾದರೆ ವರ್ಷವರ್ಷವೂ ರಿಜಿಸ್ಟ್ರಾರ್‌ಗೆ ಲೆಕ್ಕಪತ್ರ ಸಲ್ಲಿಸಬೇಕು. ಫರ್ಮಿಗೆ ಆ ಗೋಜಿಲ್ಲ. ಅವುಗಳ ತೆರಿಗೆಯ ತೊಡಕು ಕೂಡ ಬಹುಮಟ್ಟಿಗೆ ಆ ಶೆಡ್ಡಿನ ಜಾಗದಿಂದಲೇ ಬರುತ್ತದೆ. ಅದು ಮುಂದೆ ಸ್ಪಷ್ಟವಾಗುತ್ತದೆ.

ಮೈಸೂರು ಸಂಸ್ಥಾನಕ್ಕೆ 1923ರ ತನ್ನದೇ ಆದಾಯ ತೆರಿಗೆ ಕಾಯ್ದೆ ಇತ್ತು. 1950ರ ಏಪ್ರಿಲ್ 1ರಂದು ಅದರ ಜಾಗದಲ್ಲಿ ಭಾರತದ 1922ರ ಕಾಯ್ದೆ ಬಂತು. ಮರುವರ್ಷ ಪಾಲುದಾರಿಕೆ ಕಾಯ್ದೆಯೂ ಇಲ್ಲಿಗೆ ವಿಸ್ತರಿಸಿತು.

ನೋಂದಣಿಯ ಗೊಂದಲ

ಎರಡು ನೋಂದಣಿಗಳನ್ನು ಒಂದೆಂದು ತಿಳಿಯುವವರು ಈಗಲೂ ಇದ್ದಾರೆ. ಒಂದು, ಪಾಲುದಾರಿಕೆ ಕಾಯ್ದೆಯಡಿ ಫರ್ಮ್‌ಗಳ ರಿಜಿಸ್ಟ್ರಾರ್ ಬಳಿ ಮಾಡಿಸುವುದು. ಕರ್ನಾಟಕದಲ್ಲಿ ಇದು ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕೆಲಸ. ಬೆಂಗಳೂರಿನ ನೋಂದಣಿ ಜಿಲ್ಲೆಗಳಲ್ಲಿ ರಾಜಾಜಿನಗರವೂ ಒಂದು. ಈ ನೋಂದಣಿ ಕಡ್ಡಾಯವಲ್ಲ. ಮಾಡಿಸದಿದ್ದರೆ ಬಾಕಿ ಉಳಿಸಿಕೊಂಡ ಗಿರಾಕಿಯ ಮೇಲೆ ಒಪ್ಪಂದದ ಆಧಾರದಲ್ಲಿ ದಾವೆ ಹೂಡಲು ಪಾಲುದಾರಿಕೆ ಕಾಯ್ದೆಯ 69ನೇ ಕಲಮು ಬಿಡುವುದಿಲ್ಲ ಎಂಬುದು ಅದರ ಪೆಟ್ಟು. ಇನ್ನೊಂದು ನೋಂದಣಿ ಆದಾಯ ತೆರಿಗೆ ಅಧಿಕಾರಿಯ ಬಳಿ ಆಗುತ್ತಿದ್ದದ್ದು. ಅದು 1992ರ ಹಣಕಾಸು ಕಾಯ್ದೆಯೊಂದಿಗೆ ಮುಗಿಯಿತು.

ಅಲ್ಲಿಯವರೆಗೆ ಫರ್ಮ್‌ಗಳಲ್ಲಿ ‘ನೋಂದಾಯಿತ’, ‘ನೋಂದಾಯಿತವಲ್ಲದ’ ಎಂಬ ಎರಡು ಜಾತಿ. ನೋಂದಾಯಿತ ಫರ್ಮ್ ಕಡಿಮೆ ದರದಲ್ಲಿ ತೆರಿಗೆ ಕಟ್ಟುತ್ತಿತ್ತು. ಉಳಿದ ಲಾಭವನ್ನು ಪಾಲುದಾರರಿಗೆ ಹಂಚಿ ಅವರವರ ಕೈಯಲ್ಲಿ ಮತ್ತೆ ತೆರಿಗೆ ಹಾಕಲಾಗುತ್ತಿತ್ತು. ನೋಂದಣಿ ಸಿಗದಿದ್ದರೆ ಫರ್ಮನ್ನೇ ಒಬ್ಬ ವ್ಯಕ್ತಿಯಂತೆ ಪೂರ್ತಿ ದರಕ್ಕೆ ಸಿಕ್ಕಿಸುತ್ತಿದ್ದರು. ಆದ್ದರಿಂದ ಪಾಲುದಾರಿಕೆ ನಿಜವೋ, ಆದಾಯವನ್ನು ನಾಲ್ಕು ಹೆಸರಿಗೆ ಹರಿಯಬಿಡಲು ಹೂಡಿದ ಆಟವೋ ಎಂಬ ವಾದಗಳೇ ಆ ಕಾಲದ ತೀರ್ಪುಗಳಲ್ಲಿ ತುಂಬಿವೆ. ಇಂದು ಆ ತೀರ್ಪುಗಳ ಉಪಯೋಗ ಅಷ್ಟಕ್ಕಷ್ಟೆ.

ಈಗಿನ ಪದ್ಧತಿ

1993-94ರ ನಿರ್ಧಾರ ವರ್ಷದಿಂದ (ಅಸೆಸ್‌ಮೆಂಟ್ ಇಯರ್) ಲಾಭಕ್ಕೆ ತೆರಿಗೆ ಫರ್ಮಿನ ಹಂತದಲ್ಲೇ ಮುಗಿಯುತ್ತದೆ. ಪಾಲುದಾರನಿಗೆ ಬಂದ ಲಾಭದ ಪಾಲು 10(2ಎ) ಕಲಮಿನಡಿ ಅವನ ಕೈಯಲ್ಲಿ ಪೂರ್ತಿ ವಿನಾಯಿತಿ. ಫರ್ಮಿನ ದರ ಮೊದಲು ಶೇ. 40 ಇತ್ತು; 1997ರಲ್ಲಿ ಶೇ. 35ಕ್ಕೂ 2005ರಲ್ಲಿ ಶೇ. 30ಕ್ಕೂ ಇಳಿಯಿತು. ಅಲ್ಲಿಂದಾಚೆ ಕದಲಿಲ್ಲ. ಇದರ ಮೇಲೆ ಶೇ. 4 ಸೆಸ್, ಆದಾಯ ₹1 ಕೋಟಿ ದಾಟಿದರೆ ಶೇ. 12 ಸರ್‌ಚಾರ್ಜ್. ಹೀಗೆ ಸಾಮಾನ್ಯ ಫರ್ಮಿಗೆ ಬೀಳುವುದು ಶೇ. 31.2. ಫರ್ಮಿಗೆ ಸ್ಲ್ಯಾಬ್ ಇಲ್ಲ. ಮೊದಲ ರೂಪಾಯಿಯಿಂದಲೇ ತೆರಿಗೆ. 2019ರಲ್ಲಿ ಕಂಪನಿಗಳಿಗೆ ಕೊಟ್ಟ ಶೇ. 22ರ ಆಯ್ಕೆ ಫರ್ಮ್‌ಗಳಿಗೆ ದೊರೆಯಲಿಲ್ಲ. ಕಾಗದದ ಮೇಲೆ ಇದು ತಾರತಮ್ಯವೆಂದೇ ಕಾಣುತ್ತದೆ. ಆದರೆ ಕಂಪನಿಯಿಂದ ಲಾಭವನ್ನು ಡಿವಿಡೆಂಡ್ ಆಗಿ ತೆಗೆದರೆ ಷೇರುದಾರನ ಕೈಯಲ್ಲಿ ಮತ್ತೆ ತೆರಿಗೆ ಬೀಳುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು; ಲಾಭವನ್ನೆಲ್ಲ ಮನೆಗೆ ಒಯ್ಯುವ ಸಣ್ಣ ಕಾರ್ಖಾನೆಗೆ ಫರ್ಮೇ ಅಗ್ಗವಾದೀತು.

ಅಗ್ಗವಾಗುವುದು ಮುಖ್ಯವಾಗಿ 40(ಬಿ) ಕಲಮಿನಿಂದ. ಪಾಲುದಾರರ ಬಂಡವಾಳಕ್ಕೆ ವರ್ಷಕ್ಕೆ ಶೇ. 12ರವರೆಗಿನ ಸರಳ ಬಡ್ಡಿಯನ್ನೂ (2002ರ ಮೊದಲು ಶೇ. 18), ದುಡಿಯುವ ಪಾಲುದಾರರಿಗೆ, ಅಂದರೆ ವರ್ಕಿಂಗ್ ಪಾರ್ಟ್ನರ್‌ಗಳಿಗೆ, ಒಂದು ಮಿತಿಯವರೆಗಿನ ಸಂಬಳವನ್ನೂ ಫರ್ಮ್ ಖರ್ಚಾಗಿ ಕಳೆಯಬಹುದು. ಹಣ ಹಾಕಿ ಸುಮ್ಮನಿರುವ ಸ್ಲೀಪಿಂಗ್ ಪಾರ್ಟ್ನರ್‌ಗೆ ಬಡ್ಡಿ ಉಂಟು, ಸಂಬಳವಿಲ್ಲ. 2025-26ರ ನಿರ್ಧಾರ ವರ್ಷದಿಂದ ಸಂಬಳದ ಮಿತಿ ಹೀಗಿದೆ: ಪುಸ್ತಕ ಲಾಭದ ಮೊದಲ ₹6 ಲಕ್ಷಕ್ಕೆ ₹3 ಲಕ್ಷ ಅಥವಾ ಶೇ. 90, ಯಾವುದು ಹೆಚ್ಚೋ ಅದು, ಮಿಕ್ಕಿದ್ದಕ್ಕೆ ಶೇ. 60. ಅದಕ್ಕೆ ಮುಂಚೆ ಮೊದಲ ಹಂತ ₹3 ಲಕ್ಷದ್ದಿತ್ತು, ಕನಿಷ್ಠ ₹1.5 ಲಕ್ಷ.

ಬಡ್ಡಿ ಕಳೆದು ಸಂಬಳ ಕಳೆಯುವ ಮೊದಲು ₹10 ಲಕ್ಷ ಪುಸ್ತಕ ಲಾಭವಿರುವ ಇಬ್ಬರು ಪಾಲುದಾರರ ಒಂದು ಲೇತು ಶೆಡ್ಡನ್ನು ಊಹಿಸಿಕೊಳ್ಳೋಣ. ಮೊದಲ ₹6 ಲಕ್ಷಕ್ಕೆ ₹5.4 ಲಕ್ಷ, ಉಳಿದ ₹4 ಲಕ್ಷಕ್ಕೆ ₹2.4 ಲಕ್ಷ, ಒಟ್ಟು ₹7.8 ಲಕ್ಷ ಸಂಬಳ ಕಳೆಯಬಹುದು. ಫರ್ಮಿಗೆ ಉಳಿದ ₹2.2 ಲಕ್ಷಕ್ಕೆ ತೆರಿಗೆ ₹68,640. ಹಳೆಯ ಮಿತಿಯಲ್ಲಾದರೆ ಕಳೆಯಬಹುದಾದ ಸಂಬಳ ₹6.9 ಲಕ್ಷ, ತೆರಿಗೆ ₹96,720. ಸಂಬಳ ತಲಾ ₹3.9 ಲಕ್ಷವಾದರೆ, ಬೇರೆ ಆದಾಯವಿಲ್ಲದ ಪಾಲುದಾರರಿಗೆ ಅದರ ಮೇಲೆ ತೆರಿಗೆಯೇ ಬರದು. ಈ ಸಂಬಳ ಹೆಸರಿಗೆ ಮಾತ್ರ ಸಂಬಳ. ತನಗೆ ತಾನೇ ನೌಕರನಾಗಲು ಆಗದ ಕಾರಣ ಕಾನೂನು ಇದನ್ನು ಪಾಲುದಾರನ ವ್ಯಾಪಾರದ ಆದಾಯವೆಂದು ಎಣಿಸುತ್ತದೆ. ನೌಕರರಿಗಿರುವ ಸ್ಟ್ಯಾಂಡರ್ಡ್ ಡಿಡಕ್ಷನ್ ಇಲ್ಲಿ ಸಿಗದು.

ಇವೆಲ್ಲಕ್ಕೂ ಆಧಾರ ಡೀಡು. ಸಂಬಳ ಎಷ್ಟು, ಅಥವಾ ಹೇಗೆ ಲೆಕ್ಕ ಹಾಕಬೇಕು ಎಂಬುದು ಅದರಲ್ಲಿ ಬರೆದಿರಬೇಕು, ಅದೂ ಆ ಅವಧಿಗೆ ಮುಂಚೆ. ವರ್ಷ ಮುಗಿದ ಮೇಲೆ ಹಿಂದಿನ ತಾರೀಖಿನಿಂದ ಜಾರಿಯೆಂದು ಬರೆಸಿದ ತಿದ್ದುಪಡಿ ಡೀಡು ಉಪಯೋಗಕ್ಕೆ ಬಾರದು. ‘ಕಾಲಕಾಲಕ್ಕೆ ಪರಸ್ಪರ ಒಪ್ಪಿ ನಿರ್ಧರಿಸಿದಂತೆ’ ಎಂದಷ್ಟೇ ಬರೆದ ಡೀಡುಗಳು ಬಹಳ ಫರ್ಮ್‌ಗಳನ್ನು ತೊಂದರೆಗೆ ಸಿಕ್ಕಿಸಿವೆ.

2025ರ ಏಪ್ರಿಲ್‌ನಿಂದ 194ಟಿ ಕಲಮು ಬಂದಿದೆ. ವರ್ಷಕ್ಕೆ ₹20,000 ದಾಟಿದ ಸಂಬಳ, ಬಡ್ಡಿ, ಬೋನಸ್, ಕಮಿಷನ್‌ಗೆ ಫರ್ಮ್ ಶೇ. 10 ಟಿಡಿಎಸ್ ಹಿಡಿಯಬೇಕು. ಹಣ ಕೈಗೆ ಕೊಡದೆ ಬಂಡವಾಳ ಖಾತೆಗೆ ಜಮೆ ಮಾಡಿದರೂ ಹಿಡಿಯಬೇಕು. ಮೇಲಿನ ಉದಾಹರಣೆಯ ಪಾಲುದಾರರು ತಲಾ ₹39,000 ಕಳೆದುಕೊಂಡು, ರಿಟರ್ನ್ ಹಾಕಿ ವಾಪಸ್ ಪಡೆಯಬೇಕು. 15ಜಿ ನಮೂನೆ ಕೊಟ್ಟು ತಪ್ಪಿಸಿಕೊಳ್ಳುವ ದಾರಿ ಇದಕ್ಕಿಲ್ಲ. ವರ್ಷದ ಕೊನೆಯಲ್ಲಿ ಆಡಿಟರ್ ಬಂದು ಸಂಬಳದ ಲೆಕ್ಕ ಬರೆದುಕೊಡುವ ರೂಢಿಗೆ ಇದು ದೊಡ್ಡ ಹೊಡೆತ. ಅದುವರೆಗೆ ಪಾಲುದಾರರು ತಿಂಗಳು ತಿಂಗಳು ತೆಗೆದುಕೊಂಡದ್ದು ಡ್ರಾಯಿಂಗ್ಸೋ ಸಂಬಳವೋ ಎಂಬುದು ಆಗಲೇ ತೀರ್ಮಾನವಾಗಿರಬೇಕಾಗುತ್ತದೆ.

44ಎಡಿ ಕಲಮಿನ ಅಂದಾಜು ಪದ್ಧತಿಯಲ್ಲಿ ಲಾಭವನ್ನು ವಹಿವಾಟಿನ ಶೇ. 8 ಎಂದು (ಬ್ಯಾಂಕ್ ಮೂಲಕ ಬಂದ ಹಣಕ್ಕೆ ಶೇ. 6) ತೋರಿಸಬಹುದು. ಆದರೆ 2017-18ರ ನಿರ್ಧಾರ ವರ್ಷದಿಂದ ಅದರಲ್ಲಿ ಸಂಬಳ, ಬಡ್ಡಿಯನ್ನು ಮತ್ತೆ ಕಳೆಯುವಂತಿಲ್ಲ. ಹಾಗಾಗಿ ಫರ್ಮ್‌ಗಳಿಗೆ ಅದರ ಆಕರ್ಷಣೆ ಬಹಳ ಮಟ್ಟಿಗೆ ಹೋಯಿತು.

ಶ್ರೀನಿವಾಸ ಶೆಟ್ಟಿ ಪ್ರಕರಣ

ಬಿ.ಸಿ. ಶ್ರೀನಿವಾಸ ಶೆಟ್ಟಿ ಎಂಬ ಹೆಸರಿನ ಫರ್ಮ್ ಬೆಂಗಳೂರಿನಲ್ಲಿ ಊದುಬತ್ತಿ ತಯಾರಿಸಿ ಮಾರುತ್ತಿತ್ತು. 1954ರ ಜುಲೈ 28ರ ಡೀಡಿನಿಂದ ಆರಂಭವಾದ ಪಾಲುದಾರಿಕೆಯ ಅವಧಿ ಹತ್ತು ವರ್ಷ. 1964ರ ಮಾರ್ಚ್ 31ರ ಇನ್ನೊಂದು ಪತ್ರದಿಂದ ಅವಧಿಯನ್ನು ವಿಸ್ತರಿಸಿದರು. ಫರ್ಮಿನ ಗುಡ್‌ವಿಲ್‌ಗೆ (ಅದು ಗಳಿಸಿದ ಹೆಸರಿಗೆ) ಬೆಲೆ ಕಟ್ಟಿಲ್ಲ, ವಿಸರ್ಜನೆಯ ಕಾಲಕ್ಕೆ ಕಟ್ಟಲಾಗುವುದು ಎಂದೂ ಆ ಪತ್ರದಲ್ಲಿ ಬರೆದರು. 1965ರ ಡಿಸೆಂಬರ್ 31ರಂದು ಫರ್ಮ್ ವಿಸರ್ಜನೆಯಾಯಿತು. ಗುಡ್‌ವಿಲ್‌ಗೆ ₹1,50,000 ಬೆಲೆ ಕಟ್ಟಿದರು. ಅದೇ ದಿನ ಅದೇ ಹೆಸರಿನ ಹೊಸ ಫರ್ಮ್ ಹುಟ್ಟಿ ಹಳೆಯದರ ಆಸ್ತಿ, ಸಾಲ, ಗುಡ್‌ವಿಲ್ ಎಲ್ಲವನ್ನೂ ವಹಿಸಿಕೊಂಡಿತು.

1966-67ರ ನಿರ್ಧಾರದಲ್ಲಿ ಆದಾಯ ತೆರಿಗೆ ಅಧಿಕಾರಿ ಈ ಮೊತ್ತವನ್ನು ಸೇರಿಸಲಿಲ್ಲ. ಕಮಿಷನರ್ ತಮ್ಮ ಪರಿಷ್ಕರಣಾಧಿಕಾರ ಬಳಸಿ ಆದೇಶವನ್ನು ರದ್ದುಮಾಡಿ, ಬಂಡವಾಳ ಲಾಭ ಸೇರಿಸಿ ಹೊಸದಾಗಿ ನಿರ್ಧರಿಸುವಂತೆ ಹೇಳಿದರು. ಟ್ರಿಬ್ಯುನಲ್ ಫರ್ಮಿನ ಪರ ನಿಂತಿತು, ಹೈಕೋರ್ಟೂ ಹಾಗೆಯೇ. 1981ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಇಲಾಖೆಯ ಮೇಲ್ಮನವಿಯನ್ನು ವಜಾ ಮಾಡಿತು.

ಗುಡ್‌ವಿಲ್ ಆಸ್ತಿಯೇ ಅಲ್ಲವೆಂದು ನ್ಯಾಯಾಲಯ ಹೇಳಲಿಲ್ಲ. ತೆರಿಗೆ ಹೇರುವ 45ನೇ ಕಲಮೂ ಲಾಭವನ್ನು ಲೆಕ್ಕ ಹಾಕುವ ಕಲಮುಗಳೂ ಒಂದೇ ಸಂಹಿತೆಯ ಭಾಗಗಳು ಎಂದಿತು. ಮಾರಿದ ಬೆಲೆಯಿಂದ ಕೊಂಡ ಬೆಲೆ ಕಳೆದರೆ ಲಾಭ. ಅಂಗಡಿಯ ಹೆಸರು ನಾಲ್ಕು ಜನರ ಬಾಯಲ್ಲಿ ನಿಲ್ಲುವುದು ವರ್ಷಗಳ ದುಡಿಮೆಯಿಂದ. ಅದಕ್ಕೆ ಕೊಂಡ ಬೆಲೆ ಇಲ್ಲ, ಹುಟ್ಟಿದ ತಾರೀಖೂ ಇಲ್ಲ. ಲೆಕ್ಕದ ಕಲಮು ಅನ್ವಯಿಸಲಾಗದ ಕಡೆ ತೆರಿಗೆಯ ಕಲಮೂ ಅನ್ವಯಿಸದು. ₹1.5 ಲಕ್ಷದ ಈ ವ್ಯಾಜ್ಯದ ತತ್ವವನ್ನು ಗುಡ್‌ವಿಲ್ ಆಚೆಗೂ ವಕೀಲರು ಒಯ್ದರು. ಬೆಲೆ ಕೊಡದೆ ಕೈಸೇರಿದ ಯಾವುದೇ ಹಕ್ಕಿನ ಮಾರಾಟದ ಪ್ರಶ್ನೆ ಬಂದಾಗ 2023ರ ಹಣಕಾಸು ಕಾಯ್ದೆಯವರೆಗೂ ಮೊದಲು ತೆರೆಯುತ್ತಿದ್ದದ್ದು ಈ ತೀರ್ಪನ್ನೇ.

ಸಂಸತ್ತು ಈ ಬಾಗಿಲುಗಳನ್ನು ಒಂದೊಂದಾಗಿ ಮುಚ್ಚಿತು. 1988ರ ಏಪ್ರಿಲ್ 1ರಿಂದ ಸ್ವಂತವಾಗಿ ಬೆಳೆಸಿದ ಗುಡ್‌ವಿಲ್‌ನ ಕೊಂಡ ಬೆಲೆ ‘ಶೂನ್ಯ’ ಎಂದು 55(2) ಕಲಮು ಘೋಷಿಸಿತು. ಶೂನ್ಯವೂ ಒಂದು ಬೆಲೆಯಾದ್ದರಿಂದ ಲೆಕ್ಕ ಸಾಧ್ಯವಾಯಿತು. ಬಾಡಿಗೆ ಹಕ್ಕು, ಬಸ್ ಪರ್ಮಿಟ್, ಮಗ್ಗ ಓಡಿಸುವ ಗಂಟೆಗಳ ಹಕ್ಕು 1995ರಲ್ಲಿ ಆ ಪಟ್ಟಿಗೆ ಸೇರಿದವು; ತಯಾರಿಕೆಯ ಹಕ್ಕು 1998ರಲ್ಲಿ, ಟ್ರೇಡ್‌ಮಾರ್ಕ್ 2002ರಲ್ಲಿ. ಪಟ್ಟಿಯಲ್ಲಿ ಇಲ್ಲದ ಹಕ್ಕಿಗೆ 1981ರ ತರ್ಕವೇ ಅನ್ವಯ ಎಂಬ ವಾದಕ್ಕೆ ಹೀಗೆ ಈ ಪ್ರತಿಯೊಂದು ತಿದ್ದುಪಡಿಯೂ ಪರೋಕ್ಷವಾಗಿ ಬಲ ಕೊಟ್ಟಿತು.

ಪಾಲುದಾರ ಹೊರಹೋದಾಗ

1988ರವರೆಗೆ ವಿಸರ್ಜನೆಯ ಕಾಲದಲ್ಲಿ ಆಸ್ತಿ ಹಂಚಿಕೊಂಡರೆ ಅದು ಮಾರಾಟವಲ್ಲ. ಎಲ್ಲರದ್ದಾಗಿದ್ದದ್ದನ್ನು ಅವರವರು ತೆಗೆದುಕೊಂಡರು, ಅಷ್ಟೆ. ಆ ವರ್ಷದ ಏಪ್ರಿಲ್‌ನಿಂದ ಜಾರಿಗೆ ಬಂದ 45(3), 45(4) ಕಲಮುಗಳು ಇದನ್ನು ಬದಲಿಸಿದವು. ಪಾಲುದಾರ ತನ್ನ ಸೈಟನ್ನು ಫರ್ಮಿಗೆ ಬಂಡವಾಳವಾಗಿ ತಂದರೆ ಪುಸ್ತಕದಲ್ಲಿ ಬರೆದ ಮೊತ್ತವೇ ಮಾರಾಟದ ಬೆಲೆ. ಫರ್ಮ್ ಆಸ್ತಿ ಹಂಚಿದರೆ ಅಂದಿನ ಮಾರುಕಟ್ಟೆ ಬೆಲೆಗೆ ಫರ್ಮಿನ ಮೇಲೆ ತೆರಿಗೆ.

ಆಸ್ತಿ ಫರ್ಮಿನಲ್ಲೇ ಉಳಿದು, ಹೊರಹೋಗುವವರು ಹಣ ಮಾತ್ರ ಒಯ್ದರೆ? ಡೈನಾಮಿಕ್ ಎಂಟರ್‌ಪ್ರೈಸಸ್ ಎಂಬ ಬೆಂಗಳೂರಿನ ಫರ್ಮಿನ ಪ್ರಕರಣದಲ್ಲಿ 2013ರಲ್ಲಿ ಕರ್ನಾಟಕ ಹೈಕೋರ್ಟಿನ ಪೂರ್ಣ ಪೀಠ, ಆಸ್ತಿ ಕೈಬದಲಾಗದ್ದರಿಂದ 45(4) ಅನ್ವಯಿಸದು ಎಂದಿತು. ಸುಮಾರು ಎಂಟು ವರ್ಷ ರಾಜ್ಯದ ಆಡಿಟರುಗಳು ನೆಚ್ಚಿಕೊಂಡದ್ದು ಇದನ್ನು. 2021ರ ಹಣಕಾಸು ಕಾಯ್ದೆ 9ಬಿ ಎಂಬ ಹೊಸ ಕಲಮನ್ನು ತಂದು, 45(4) ಅನ್ನು ಹೊಸದಾಗಿ ಬರೆದು, 2021-22ರ ನಿರ್ಧಾರ ವರ್ಷದಿಂದ ಹಣವನ್ನೂ ಲೆಕ್ಕಕ್ಕೆ ತಂದಿತು. ಹಳೆಯ ಕಲಮಿನ ಅಡಿಯಲ್ಲೂ, ಆಸ್ತಿಯ ಬೆಲೆ ಏರಿಸಿ ಪಾಲುದಾರರ ಖಾತೆಗೆ ಜಮೆ ಮಾಡಿದರೆ ತೆರಿಗೆ ಉಂಟೆಂದು ಮನ್ಸುಖ್ ಡೈಯಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರ ನವೆಂಬರ್‌ನಲ್ಲಿ ಹೇಳಿದೆ.

ಈಗ ಪಾಲುದಾರ ಪಡೆದ ಹಣ ಮತ್ತು ಆಸ್ತಿಯ ಬೆಲೆಯಿಂದ ಅವನ ಬಂಡವಾಳ ಖಾತೆಯ ಶಿಲ್ಕನ್ನು ಕಳೆಯುತ್ತಾರೆ; ಮಿಕ್ಕದ್ದು ಫರ್ಮಿನ ಬಂಡವಾಳ ಲಾಭ. ಶಿಲ್ಕು ಎಣಿಸುವಾಗ ಮರುಮೌಲ್ಯದಿಂದಾಗಲಿ ಸ್ವಂತ ಗುಡ್‌ವಿಲ್‌ನಿಂದಾಗಲಿ ಬಂದ ಏರಿಕೆ ಸೇರದು. ರಾಜಾಜಿನಗರದಲ್ಲಿ ದಶಕಗಳ ಹಿಂದೆ ಕೆಲವೇ ಸಾವಿರಕ್ಕೆ ಕೊಂಡ ಶೆಡ್ಡಿನ ಜಾಗ ಪುಸ್ತಕದಲ್ಲಿ ಅಷ್ಟಕ್ಕೇ ನಿಂತಿರುತ್ತದೆ. ₹10 ಲಕ್ಷ ಶಿಲ್ಕಿರುವ ಹಿರಿಯ ಪಾಲುದಾರ ಜಾಗದ ಇಂದಿನ ಬೆಲೆ ನೋಡಿ ₹50 ಲಕ್ಷ ಪಡೆದು ನಿವೃತ್ತನಾದರೆ ₹40 ಲಕ್ಷಕ್ಕೆ ತೆರಿಗೆ ಕಟ್ಟಬೇಕಾದವರು ಉಳಿದವರು, ಹೋದವನಲ್ಲ. ಈ ಭಾರವನ್ನು ಯಾರು ಹೊರಬೇಕು ಎಂಬ ಕರಾರನ್ನು ಈಚಿನ ಡೀಡುಗಳಲ್ಲಿ ಸೇರಿಸುವುದುಂಟು. 8ಎಬಿ ನಿಯಮದಂತೆ ಈ ಲಾಭವನ್ನು ಉಳಿದ ಆಸ್ತಿಗೆ ಹೊಂದಿಸಿ, ಮುಂದೆ ಅದನ್ನು ಮಾರುವಾಗ ಕಳೆಯಬಹುದು. ಶೆಟ್ಟಿ ಪ್ರಕರಣದಂತೆ ವ್ಯಾಪಾರ ಪೂರ್ತಿಯಾಗಿ ಹೊಸ ಫರ್ಮಿಗೆ ಹೋದರೆ 9ಬಿ ಹೇಗೆ ಅನ್ವಯಿಸುತ್ತದೆ ಎಂಬುದು ಚರ್ಚೆಗೆ ಎಡೆಯಿರುವ ಪ್ರಶ್ನೆ.

ಕುಟುಂಬ ಮತ್ತು ಇತರ ವಿಷಯಗಳು

ಅವಿಭಕ್ತ ಕುಟುಂಬದ ಪರವಾಗಿ ಅದರ ಯಜಮಾನ (ಕರ್ತಾ) ಪಾಲುದಾರನಾಗಬಹುದು, ಕುಟುಂಬವೇ ಆಗಲಾರದು. ಅಪ್ರಾಪ್ತರನ್ನು ಲಾಭದ ಮಟ್ಟಿಗೆ ಮಾತ್ರ ಸೇರಿಸಿಕೊಳ್ಳಬಹುದು. ಫರ್ಮಿಗೆ ನಷ್ಟ ಉಳಿದಿರುವಾಗ ಒಬ್ಬ ಪಾಲುದಾರ ಹೋದರೆ ಅವನ ಪಾಲಿನ ನಷ್ಟವನ್ನು 78ನೇ ಕಲಮಿನಂತೆ ಮುಂದಕ್ಕೆ ಒಯ್ಯುವಂತಿಲ್ಲ.

ಜಿಎಸ್‌ಟಿಯಲ್ಲಿ ಫರ್ಮಿಗೇ ನೋಂದಣಿ. ಪಾಲುದಾರನ ಸಂಬಳಕ್ಕೆ ಜಿಎಸ್‌ಟಿ ಬೀಳದು ಎಂಬರ್ಥದ ಮುಂಗಡ ತೀರ್ಪನ್ನು ಕರ್ನಾಟಕದ ಪ್ರಾಧಿಕಾರ 2020ರಲ್ಲಿ ಕೊಟ್ಟಿದೆ; ಅಂಥ ತೀರ್ಪು ಕೇಳಿದವರನ್ನೂ ಅವರ ಅಧಿಕಾರಿಯನ್ನೂ ಮಾತ್ರ ಕಟ್ಟಿಹಾಕುತ್ತದೆ.

2008ರ ಕಾಯ್ದೆಯಡಿ ಬಂದ ಸೀಮಿತ ಹೊಣೆಯ ಪಾಲುದಾರಿಕೆಗಳಿಗೂ (ಎಲ್‌ಎಲ್‌ಪಿ) ಆದಾಯ ತೆರಿಗೆಯಲ್ಲಿ ಫರ್ಮಿನ ದರ ಮತ್ತು 40(ಬಿ) ಮಿತಿಗಳೇ ಅನ್ವಯ. 44ಎಡಿ ಮಾತ್ರ ಅವಕ್ಕಿಲ್ಲ.